ಲಿಂಕ್ ಬ್ಯಾಡ, ಟ್ರ್ಯಾಕ್ ಕಳಸ್ರಿ: ಕಪ್ಪತಗುಡ್ಡದ ರವಿವಾರದ ಪ್ಲ್ಯಾನಿಗೆ ಉತ್ತರ

ಅಣ್ಣಾರ, ನಿಮ್ಮ ಪೋಸ್ಟ್ ನೋಡಿದೆ. ಸೀಗಿ ಹುಣ್ಣಿವಿ ಮುಗದ ಮ್ಯಾಲಿನ ರವಿವಾರ ನಾಲ್ಕು ಗಾಲಿಯ ಐದು ಗಾಡಿ, ಗದಗ ಬಿಟ್ಟು ಡಂಬಳ, ಡೋಣಿ ಮ್ಯಾಲ ಹಾದು, ಗುಡ್ಡದ ಬೆನ್ನು ಹತ್ತಿ ಆಚಿ ಕಡೆ ಶಿರಹಟ್ಟಿಗೆ ಇಳಿಯೂದು. "ಗೂಗಲ್ ಮ್ಯಾಪ್ಸ್ ಲಿಂಕ್ ಹಾಕೀನಿ, ಎಲ್ಲಾರೂ ಸ್ಟಾರ್ಟ್ ಒತ್ತಿದ್ರ ಆತು" ಅಂತ ಬರದೀರಿ. ಆ ಕಡೀ ಮಾತು ಓದಿ ಸುಮ್ನ ಇರಾಕ ಆಗಲಿಲ್ಲ. ನಮ್ಮ ತಂಡದಾಗೂ ಇದ ಪದ್ಧತಿ ಇತ್ತು, ಅದರಿಂದ ಏನಾತು ಅಂತ ಕೆಳಗ ಬರದೀನಿ.

ಲಿಂಕಿನ್ಯಾಗ ಹೋಗೂದು ಪಿನ್ನು, ಅಂದ್ರ ಗುರುತು ಹಾಕಿದ ಜಾಗಾ ಅಷ್ಟ, ದಾರಿ ಅಲ್ಲ. ಪಿನ್ನುಗಳ ನಡುವಿನ ದಾರೀನ ಪ್ರತಿಯೊಂದು ಫೋನೂ ತಾನ ಹೊಸದಾಗಿ ಲೆಕ್ಕಾ ಹಾಕತೈತಿ. ಒಬ್ಬರ ಸೆಟ್ಟಿಂಗಿನ್ಯಾಗ ಟೋಲ್ ತಪ್ಪಿಸು ಅಂತ ಇರತೈತಿ, ಇನ್ನೊಬ್ಬರದಾಗ ಇರಂಗಿಲ್ಲ. ಒಬ್ಬಾಂವ ಒಂದು ತಿರುವು ದಾಟಿ ಮುಂದ ಹೋದ ಅಂದ್ರ ಅವನ ಫೋನು ಅಲ್ಲಿಂದನ ಮತ್ತೊಂದು ದಾರಿ ಹುಡುಕತೈತಿ. ಡಾಂಬರ್ ರಸ್ತಾದಾಗ ಇದು ಛಲೋ ಗುಣ, ಹೊಲದ ದಾರ್ಯಾಗ ಇದ ಕುತ್ತು. ಜಿಪಿಎಕ್ಸ್ ಟ್ರ್ಯಾಕ್ ಹಂಗಲ್ಲ. ಎಳದಿಟ್ಟ ಗೆರಿ ಅದು, ಯಾರ ಫೋನಿನ್ಯಾಗ ತೆರದ್ರೂ ಅದ ಗೆರಿ, ತನ್ನ ಬುದ್ಧಿ ಓಡಸಂಗಿಲ್ಲ. ಗೆರಿ ಬಿಟ್ಟು ಸರದ್ರಿ ಅಂದ್ರ ಕಣ್ಣಿಗೆ ಕಾಣತೈತಿ, ಹಿಂದಕ್ಕ ಬಂದು ಗೆರಿ ಕೂಡತೀರಿ. ಗೂಗಲ್ ಮೈ ಮ್ಯಾಪ್ಸಿನ್ಯಾಗನ ಎಳೀರಿ ಬೇಕಾದ್ರ, ಆದ್ರ ಆ ಗೆರಿದು ಕೆಎಂಎಲ್ ಫೈಲ್ ತಗದು ಗುಂಪಿಗೆ ಹಾಕ್ರಿ, ಅದೂ ಜಿಪಿಎಕ್ಸಿನಂಗ ಗೆರಿ ಹಿಡದಿಡೋ ಫೈಲನ.

ನವಲಗುಂದದ ಕಡೆ ಎರಿ ಹೊಲದಾಗ, ಅಂದ್ರ ಕರಿ ಮಣ್ಣಿನ ಹೊಲದಾಗ ಆದದ್ದು ಹೇಳ್ತೀನಿ. ಎಲ್ಲಾರ ಕೈಯಾಗೂ ಒಂದ ಲಿಂಕ್. ಮುಂದಿನ ಎರಡು ಗಾಡಿ ಹಳ್ಳ ದಾಟಿ ಬಲಕ್ಕ ಹೊಂಟ್ವು. ಹಿಂದಿನವರ ಫೋನು ಈಚಿನ ದಂಡಿ ಹಿಡದು ಎಡಕ್ಕ ತೋರಸ್ತು. ಆ ದಾರಿ ಹೋಗಿ ಒಂದು ಕೃಷಿ ಹೊಂಡದ ಒಡ್ಡಿಗೆ ಮುಗದಿತ್ತು. ಅಲ್ಲೆ ತಿರುಗಸಾಕ ಹೋಗಿ ಹಿಂದಿನ ಗಾಲಿ ಹೊಲಕ್ಕ ಇಳೀತು, ಎರಡು ಸಲ ಎಕ್ಸಿಲೇಟರ್ ಒತ್ತಿದ್ದಕ್ಕ ಗಾಡಿ ಅಚ್ಚಿನ ಮಟ ಕುಂತಬಿಟ್ಟಿತು. ಎರಿ ಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡಿನ ಒಳಗ ಇಟ್ಟಂಗಿ ಕಟ್ಟಿದಂಗ ತುಂಬಿತ್ತು, ಗಾಲಿ ತಿರುಗಾಕ ಜಾಗಾನ ಇರಲಿಲ್ಲ. ಕುಡಗೋಲಿಲೆ ಕೆತ್ತಿ ಕೆತ್ತಿ ತಗದ್ವಿ. ಊರಿಂದ ಟ್ರ್ಯಾಕ್ಟರ್ ಬಂದು ಎಳದು ಹಾಕೂದ್ರಾಗ ಕತ್ತಲಾಗಿತ್ತು. ಗಾಡಿ ಬಂತು ಖರೆ, ಆದ್ರ ಆಗಷ್ಟ ಕಡ್ಲಿ ಬಿತ್ತಿದ ಹೊಲದಾಗ ಮೊಳಕಾಲುದ್ದದ ಎರಡು ಕಾಲುವಿ ಬಿದ್ದಿದ್ವು. ಆ ರೈತರಿಗೆ ನಾವು ರೊಕ್ಕ ಕೊಟ್ಟು ಬಂದ್ವಿ, ಆದ್ರ ಬಿತ್ತಿಗಿ ಹದ ರೊಕ್ಕಕ್ಕ ತಿರುಗಿ ಬರಂಗಿಲ್ಲ.

ಈಗ ನಿಮ್ಮ ಗೆರಿ. ಗುಡ್ಡದ ಬೆನ್ನು ಹತ್ತೂದು ಮೊದಲ ಬಿಡ್ರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, 244 ಚದರ ಕಿಲೋಮೀಟರ್ ಐತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಅನುಮತಿ ಇಲ್ದ ಸಾರ್ವಜನಿಕ ರಸ್ತಾ ಬಿಟ್ಟು ಒಳಗ ಗಾಡಿ ಹೊಡಿಯಾಕ ಬರಂಗಿಲ್ಲ. "ಮ್ಯಾಪಿನ್ಯಾಗ ದಾರಿ ಕಾಣತೈತಲ್ರಿ" ಅಂತ ಕೆಳಗ ಒಬ್ಬರು ಬರದಾರ. ಮ್ಯಾಪಿನ್ಯಾಗ ಕಂಡದ್ದೆಲ್ಲಾ ಹೋಗಾಕ ಇದ್ದದ್ದಲ್ಲ. ಅಲ್ಲಿ ಕಾಣೋ ಭಾಳಷ್ಟು ದಾರಿ ಗಾಳಿಯಂತ್ರದ ಕಂಬಕ್ಕ ಹೋಗಾಕ ಮಾಡಿದ್ವು. ಕಂಬದ ಬುಡಕ್ಕ ಹೋಗಿ ಮುಗೀತಾವ, ಆಚಿ ಕಡೆ ಇಳಿಯಂಗಿಲ್ಲ. ಔಷಧಿ ಗಿಡಕ್ಕ ಹೆಸರಾದ ಗುಡ್ಡ ಅದು, ಟೈರಿಗೆ ಬ್ಯಾರೆ ಜಾಗಾ ಎಷ್ಟ ಬೇಕಾದಷ್ಟು ಅದಾವ. ರಾಣೇಬೆನ್ನೂರಿನ ಕೃಷ್ಣಮೃಗದ ಕಾಡಿಗೂ ಇದ ಮಾತು, ಹಾವೇರಿ ಹುಡುಗರು ಆಗಾಗ ಕೇಳತಿರತಾರ ಅಂತ ಇಲ್ಲೆ ಹೇಳ್ತೀನಿ. ಗುಡ್ಡದ ಸಾಲು ಬಿಂಕದಕಟ್ಟಿ ಕಡೆಯಿಂದ ಸಿಂಗಟಾಲೂರು ತನಕ ಚಾಚೈತಿ. ಅದನ್ನ ಬಲಗಡೆ ಇಟ್ಕೊಂಡು ಹೊರಗಿನಿಂದ, ಊರಿಂದ ಊರಿಗೆ ಚಕ್ಕಡಿ ದಾರಿ ಹಿಡದು ಮುಂಡರಗಿ ಕಡೆ ಇಳೀರಿ. ನೋಟ ಏನೂ ಕಡಿಮಿ ಆಗಂಗಿಲ್ಲ.

ಆ ಚಕ್ಕಡಿ ದಾರಿ ಯಾವುದು ಅಂತ ತಿಳಕೊಳ್ಳಾಕ ನಾನು ಮೊದಲ ತೆರಿಯೂದು ದಿಶಾಂಕ್ ಆ್ಯಪ್. ಹೊಲ ಇದ್ದವರ ಫೋನಿನ್ಯಾಗ ಹೆಂಗೂ ಇರತೈತಿ, ಗಾಡಿ ಮಂದಿ ಮಾತ್ರ ಯಾಕೋ ಬಳಸಂಗಿಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಸತೈತಿ. ಅದರ ಜೋಡಿ ಭೂದಾಖಲೆ ಇಲಾಖೆಯವರ ಗ್ರಾಮ ನಕಾಶೆ ಇಳಿಸಿಕೊಳ್ರಿ, ಪುಕ್ಕಟೆ ಸಿಗತೈತಿ. ಬಂಡಿದಾರಿ ಜೋಡಿ ಗೆರಿ, ಕಾಲುದಾರಿ ಒಂಟಿ ಗೆರಿ. ನಕಾಶೆದಾಗ ಬಂಡಿದಾರಿ ಇದ್ರ ಅದು ಊರಿನ ದಾರಿ. ಉಪಗ್ರಹದ ಚಿತ್ರದಾಗ ಅಷ್ಟ ಕಂಡು ನಕಾಶೆದಾಗ ಇಲ್ಲಂದ್ರ ಅದು ಯಾರದೋ ಹೊಲ, ಕೇಳದ ಇಳಿಯಬ್ಯಾಡ್ರಿ. ನಕಾಶೆದಾಗ ಇದ್ದೂ ನೆಲದ ಮ್ಯಾಲ ಇಲ್ದ ದಾರಿನೂ ಭಾಳ, ಎರಡೂ ಕಡೆ ಒತ್ತಿ ಒತ್ತಿ ಬದು ಹಾಕಿರತಾರ. ಅಲ್ಲಿ ಫೋನು ಹಿಡದು ಹಕ್ಕು ಮಾತಾಡಾಕ ನಿಲ್ಲಬ್ಯಾಡ್ರಿ. ಜಿಪಿಎಸ್ ನಾಲ್ಕಾರು ಮೀಟರ್ ಸರದ್ರ ಸಾಕು, ಬಾಜೂ ಹೊಲದ ನಂಬರ್ ತೋರಸತೈತಿ.

ಉಪಗ್ರಹದ ಚಿತ್ರ ನೋಡಿ ಗೆರಿ ಎಳದೀನಿ ಅಂತೀರಿ. ಯಾವ ತಿಂಗಳ ಚಿತ್ರ ಅಂತ ನೋಡಿದ್ರೇನು? ಕಂಪ್ಯೂಟರಿನ ಗೂಗಲ್ ಅರ್ಥ್ ಪ್ರೊದಾಗ ಹಳೇ ಚಿತ್ರಗಳ ಪಟ್ಟಿ ಬರತೈತಿ, ತಾರೀಖ ಇರತೈತಿ. ಮಾರ್ಚ್, ಏಪ್ರಿಲ್ ಚಿತ್ರ ಆದ್ರ ಎರಿ ಹೊಲದ ತುಂಬ ದಾರಿನ ದಾರಿ ಕಾಣತಾವ, ಯಾಕಂದ್ರ ಸುಗ್ಗಿ ಮುಗದ ಮ್ಯಾಲ ಟ್ರ್ಯಾಕ್ಟರ್ ಸೀದಾ ಹೊಲ ಕೊಯ್ದು ಹೋಗಿರತಾವ. ಮುಂಗಾರಿ ಹರಗಿದ ಮ್ಯಾಲ ಅದರಾಗ ಒಂದೂ ಉಳಿಯಂಗಿಲ್ಲ. ಮೂರು ಬ್ಯಾರೆ ಬ್ಯಾರೆ ಹಂಗಾಮಿನ ಚಿತ್ರದಾಗೂ ಅದ ಜಾಗದಾಗ ಕಂಡ ಗೆರಿ ಇದ್ರ ಮಾತ್ರ ದಾರಿ ಅಂತ ಹಿಡೀರಿ. ಹಂಗ ಮಣ್ಣಿನ ಬಣ್ಣಾನೂ ನೋಡ್ರಿ, ಕೆಂಪಂದ್ರ ಮಸಾರಿ, ಕರಿ ಬೂದಿ ಅಂದ್ರ ಎರಿ. ಮಸಾರಿ ಮಳಿ ನಿಂತ ಮರುದಿನ ಗಾಡಿ ಭಾರ ತಡೀತೈತಿ. ಎರಿ ತಡಿಯಂಗಿಲ್ಲ, ಅದರ ಜೇಡಿ ನೀರು ಕುಡದು ಉಬ್ಬತೈತಿ, ಮ್ಯಾಲ ಒಣಗಿ ಬಿರುಕು ಬಿಟ್ಟಂಗ ಕಂಡ್ರೂ ಒಳಗ ಹುದಲ ಇರತೈತಿ. ಗೆರಿ ಮ್ಯಾಲ ಎಲ್ಲಿ ಮಸಾರಿ ಮುಗದು ಎರಿ ಸುರು ಆಗತೈತೋ ಅಲ್ಲಿ ಒಂದು ಪಿನ್ ಹಾಕ್ರಿ. ಹೋಗೂಕಿಂತ ಎರಡು ದಿನ ಮೊದಲ ಕೊಪರ್ನಿಕಸ್ ಬ್ರೌಸರ್ ಅನ್ನೋ ವೆಬ್‌ಸೈಟಿನ್ಯಾಗ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡ್ರಿ, ಐದು ದಿನಕ್ಕೊಮ್ಮೆ ಹೊಸಾದು ಬರತೈತಿ. 10 ಮೀಟರ್ ಚುಕ್ಕಿ ಆದ್ದರಿಂದ ಚಕ್ಕಡಿ ದಾರಿ ಕಾಣಂಗಿಲ್ಲ, ಆದ್ರ ಯಾವ ಹೊಲ ಹಸಿ, ಕೆರಿ ಎಷ್ಟು ತುಂಬೈತಿ ಅಂತ ತಿಳೀತೈತಿ. ಮೋಡ ಇದ್ರ ಮಾತ್ರ ಬರೇ ಬಿಳಿ ಹಾಳಿ.

ಇಷ್ಟೆಲ್ಲಾ ಮಾಡಿದ ಮ್ಯಾಲ ನಾನು ಒಂದು ಚೀಟಿ ಬರೀತೀನಿ. ಗುಂಪಿನ್ಯಾಗ ಭಾಳ ಮಂದಿಗೆ ಇದು ಹಳೇ ಕಾಲದ್ದು ಅನಸತೈತಿ, ಆದ್ರ ಉಳದದ್ದೆಲ್ಲಾ ಬಿಟ್ರೂ ಇದೊಂದು ಬಿಡಬ್ಯಾಡ್ರಿ. ಊರಿನ ಗುಡಿ ಮುಂದ ಟ್ರಿಪ್ ಮೀಟರ್ ಸೊನ್ನಿ ಮಾಡೂದು, ಅಲ್ಲಿಂದ ಕಿಲೋಮೀಟರ್ ಲೆಕ್ಕ. ನನ್ನ ಒಂದು ಚೀಟಿ ಹಿಂಗಿತ್ತು: "0 ಬಸವಣ್ಣನ ಗುಡಿ, ಸೂರ್ಯ ಬೆನ್ನಿಗೆ. 2.3 ಬನ್ನಿ ಗಿಡ, ಎಡಕ್ಕ. 3.1 ಹಳ್ಳ, ಕಲ್ಲ ತಳ, ಇಳದು ನೋಡು. 3.4 ಮಸಾರಿ ಮುಗೀತು. 4.0 ಕಣ, ತಿರುಗಾಕ ಕಡೀ ಜಾಗ. 5.2 ಬಾಂದಾರ, ಮ್ಯಾಲ ಹತ್ತಬ್ಯಾಡ." ಇದರಾಗ ಜೀವ ಇರೂದು ಆ ಕಣದಾಗ. ನಮ್ಮ ಕಡೆ ಚಕ್ಕಡಿ ದಾರಿ ಎರಡೂ ಬಾಜೂ ಬದು ಇರತೈತಿ, ಒಂದು ಸಲ ಒಳಗ ಹೊಕ್ರ ಐದು ಗಾಡಿ ತಿರುಗಸೂದು ದೂರ ಉಳೀತು, ಎದುರಿಗೆ ಒಂದು ಟ್ರ್ಯಾಕ್ಟರ್ ಬಂದ್ರ ಸರಿಯಾಕೂ ಜಾಗಾ ಇಲ್ಲ. ಅದಕ್ಕ ಚಿತ್ರದಾಗ ಮೊದಲ ಹುಡಕೂದು ತಿರುಗೋ ಜಾಗಾ: ಕಣ, ಗುಡಿ ಮುಂದಿನ ಬಯಲು, ಕಲ್ಲಿನ ಮರಡಿ, ಕೆರಿ ದಂಡಿ ಗಟ್ಟಿ ನೆಲ. ಎರಡು ತಿರುಗೋ ಜಾಗದ ನಡುವ ಎರಡು ಹಳ್ಳ ಬರಂಗ ಗೆರಿ ಎಳೀಬಾರದು. ಎರಡರ ನಡುವ ಸಿಕ್ಕು ಮಳಿ ಬಂದ್ರ ಹಿಂದೂ ಇಲ್ಲ, ಮುಂದೂ ಇಲ್ಲ. ತಿರುಗೋ ಜಾಗದ ಮುಂದ ಹೊತ್ತೂ ಬರೀರಿ. ಮಧ್ಯಾಹ್ನ ಎರಡಕ್ಕ ಕಣ ಮುಟ್ಟಲಿಲ್ಲ ಅಂದ್ರ ಅಲ್ಲಿಂದ ವಾಪಸ್. ಅವತ್ತ ಅಲ್ಲಿ ನಿಂತು ವಾದ ಮಾಡೂದಲ್ಲ, ಮನಿಯಾಗ ಕುಂತಾಗನ ಎಲ್ಲಾರೂ ಒಪ್ಪಿ ಬರದಿರಬೇಕು.

ಚೀಟಿ ಓದೂದು ಬಾಜೂ ಕುಂತವರ ಕೆಲಸ, ಜೋರಾಗಿ ಓದಬೇಕು. ಸ್ಟೇರಿಂಗ್ ಹಿಡದಾಂವ ಫೋನ್ ನೋಡೂದು ಬಂದ್ ಆಗಬೇಕು. ಟೈರ್ ದೊಡ್ಡವು ಹಾಕ್ಸಿದವರು ಒಂದು ಲಕ್ಷ್ಯ ಇಡ್ರಿ: 235/70 ಆರ್16 ತಗದು 245/75 ಆರ್16 ಹಾಕಿದ್ರ ಮೀಟರ್ ನೂರಕ್ಕ ಐದರಷ್ಟು ಕಡಿಮಿ ಓಡತೈತಿ. ನಾಲ್ಕು ಕಿಲೋಮೀಟರಿನ ಕಣಕ್ಕ ಬರೂದ್ರಾಗ 200 ಮೀಟರ್ ತಪ್ಪು. ಚೀಟಿ ಓದೋ ಗಾಡಿ ಕಂಪನಿ ಟೈರಿನದ ಇರಲಿ.

ಮಳಿ ಬಗ್ಗೆ. "ಗದಗದಾಗ ಮಳಿ ಇಲ್ಲ" ಅಂತ ಬರದೀರಿ. ನಿಮ್ಮ ನೆತ್ತಿ ಮ್ಯಾಲಿನ ಮಳಿಯಿಂದ ಹಳ್ಳ ಬರಂಗಿಲ್ಲ, ಮ್ಯಾಲಿನವರ ಮಳಿಯಿಂದ ಬರತೈತಿ. ಬೆಣ್ಣಿಹಳ್ಳ ನೋಡ್ರಿ. ಶಿಗ್ಗಾವಿ ಕಡೆ ಹುಟ್ಟಿ ಕುಂದಗೋಳ, ನವಲಗುಂದ ಸೀಮಿ ದಾಟಿ ಮಲಪ್ರಭೆ ಸೇರತೈತಿ. ಕುಂದಗೋಳದಾಗ ರಾತ್ರಿ ಹೊಡದ ಮಳಿಗೆ ನವಲಗುಂದದಾಗ ಬಿಸಲಾಗ ನಿಂತಾವ ಹಳ್ಳ ತುಂಬೂದು ನೋಡತಾನ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿವಾರು ಮಳಿ ಲೆಕ್ಕ ಕೊಡತಾರ. ನೀವು ದಾಟೋ ಹಳ್ಳ ಎಲ್ಲಿಂದ ಬರತೈತಿ ಅಂತ ಮೊದಲ ತಿಳಕೊಂಡು ಆ ಹೋಬಳಿ ಮಳಿ ನೋಡ್ರಿ.

ನೀವು ಕೊಟ್ಟ ಮಧ್ಯಾಹ್ನದ ಊಟದ ಜಾಗದ ಅಕ್ಷಾಂಶದ ಅಂಕಿನೂ ನನಗ ಸಂಶಯ. 15.30 ಅಂತ ಬರದೀರಿ. ಅದು ಡಿಗ್ರಿಯ ದಶಾಂಶ ಏನು, 15 ಡಿಗ್ರಿ 30 ಮಿನಿಟ್ ಏನು? 15 ಡಿಗ್ರಿ 30 ಮಿನಿಟ್ ಅಂದ್ರ 15.5. ಎರಡರ ನಡುವ 22 ಕಿಲೋಮೀಟರ್ ಅಂತರ, ಅರ್ಧ ಮಂದಿ ಮುಂಡರಗಿ ಕಡೆ, ಅರ್ಧ ಮಂದಿ ರೋಣದ ಕಡೆ ಬುತ್ತಿ ಬಿಚ್ಚತಾರ. ದಶಾಂಶದಾಗನ ಬರೀರಿ, ಚುಕ್ಕಿ ಆದ ಮ್ಯಾಲ ನಾಲ್ಕು ಅಂಕಿ ತನಕ ಬರೀರಿ, ಆಗ ಹತ್ತು ಹನ್ನೊಂದು ಮೀಟರಿನ ಒಳಗ ಜಾಗಾ ಸಿಗತೈತಿ.

ಸರ್ವೆ ಆಫ್ ಇಂಡಿಯಾದ 1:50,000 ನಕಾಶೆ ಹಳೇದು ಯಾರ ಹತ್ರನರ ಇದ್ರ ಇಸಕೊಳ್ರಿ. ಗದಗ, ಹುಬ್ಬಳ್ಳಿ 48 ಎಂ ಹಾಳ್ಯಾಗ, ಹಾವೇರಿ 48 ಎನ್‌ದಾಗ ಬರತಾವ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್, ಹಳ್ಳದ ಕೊಳ್ಳ ಎಷ್ಟು ಆಳ ಅಂತ ಅದರಷ್ಟು ಛಲೋ ಯಾವ ಫೋನೂ ತೋರಸಂಗಿಲ್ಲ. ಆದ್ರ ಹಳೇ ಹಾಳಿ ಎವರೆಸ್ಟ್ ಡೇಟಮ್ಮಿನ್ಯಾಗ, ಅಂದ್ರ ಅಕ್ಷಾಂಶ ರೇಖಾಂಶ ಲೆಕ್ಕಾ ಹಾಕೋ ಹಳೇ ಪದ್ಧತ್ಯಾಗ ಇರತಾವ, ಫೋನಿನ ಪದ್ಧತಿ ಡಬ್ಲ್ಯುಜಿಎಸ್ 84, ಅದರ ಅಂಕಿ ಹಂಗ ತಂದು ಹಾಕಿದ್ರ ಈ ಸೀಮ್ಯಾಗ ನೂರು ಮೀಟರಿಗಿಂತ ಹೆಚ್ಚು ಪಕ್ಕಕ್ಕ ಬೀಳತೈತಿ. ಹೊಸಾ ಓಪನ್ ಸೀರೀಸ್ ಹಾಳಿಗೆ ಈ ತ್ರಾಸ ಇಲ್ಲ.

ಆ್ಯಪ್ ಯಾವುದು ಅಂತ ಕೇಳಿದವರಿಗೆ: ಗೆರಿ ಹಿಡದು ಹೋಗಾಕ ನನಗ ಆರ್ಗ್ಯಾನಿಕ್ ಮ್ಯಾಪ್ಸ್ ಸಾಕು, ಹಗುರ ಐತಿ, ಬ್ಯಾಟರಿ ತಿನ್ನಂಗಿಲ್ಲ. ಓಎಸ್‌ಎಂಅಂಡ್ ಬಲ ಹೆಚ್ಚು, ಆದ್ರ ಅದರ ಮೆನು ಗಾಡ್ಯಾಗ ಕುಂತು ಕಲಿಯೂವಂಥದ್ದಲ್ಲ, ವಾರ ಮೊದಲ ಮನಿಯಾಗ ತಿಣುಕಿ ನೋಡ್ರಿ. ಗೂಗಲ್ ಮ್ಯಾಪ್ಸ್ ಡಾಂಬರ್ ಮುಟ್ಟಿದ ಮ್ಯಾಲ ಛಲೋ. ಅದರ ಆಫ್‌ಲೈನ್ ನಕಾಶೆದಾಗ ಉಪಗ್ರಹದ ಚಿತ್ರ ಬರಂಗಿಲ್ಲ, ಇದು ಭಾಳ ಮಂದಿಗೆ ನೆಟ್‌ವರ್ಕ್ ಹೋದ ಮ್ಯಾಲ ಗೊತ್ತಾಗತೈತಿ. ಕೈಯಾಗ ಹಿಡಿಯೋ ಜಿಪಿಎಸ್ ಗಾರ್ಮಿನ್ ಈಟ್ರೆಕ್ಸ್ ಸೆಕೆಂಡ್‌ಹ್ಯಾಂಡ್ ಸಿಕ್ರ ತಗೋರಿ, ಎರಡು ಡಬಲ್ ಎ ಸೆಲ್ ಮ್ಯಾಲ ಇಡೀ ದಿನ ನಡೀತೈತಿ. ಆದ್ರ ಇನ್‌ರೀಚ್ ವಿದೇಶದಿಂದ ತರಸತೀನಿ ಅಂದವರಿಗೆ ಖಡಕ್ಕಾಗಿ ಹೇಳ್ತೀನಿ, ಉಪಗ್ರಹದ ಮ್ಯಾಲ ಮೆಸೇಜ್ ಕಳಸೋ ಯಂತ್ರ ನಮ್ಮ ದೇಶದಾಗ ಪರವಾನಗಿ ಇಲ್ದ ಇಟ್ಕೊಳ್ಳಾಕ ಬರಂಗಿಲ್ಲ, ಕೇಸ್ ಆಗತೈತಿ. ವಾಕಿಟಾಕಿನೂ ಸಿಕ್ಕದ್ದು ಕೊಳ್ಳಬ್ಯಾಡ್ರಿ, ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸಿನದು ನೋಡಿ ತಗೋರಿ. ಫೋನು ಮುಂದಿನ ಗ್ಲಾಸಿಗೆ ಅಂಟಿಸಬ್ಯಾಡ್ರಿ, ಬಿಸಲಿಗೆ ಕಾದು ಚಾರ್ಜ್ ತಗೊಳ್ಳೂದ ಬಿಡತೈತಿ. ಎಸಿ ಗಾಳಿ ಬರೋ ಕಡೆ ಇಡ್ರಿ.

ಊರಾಗ ದಾರಿ ಕೇಳೋ ರೀತಿನೂ ಐತಿ. "ಈ ದಾರಿ ಶಿರಹಟ್ಟಿಗೆ ಹೋಗತೈತೇನ್ರಿ" ಅಂದ್ರ ಹೂಂ ಅಂತಾರ, ಸೈಕಲ್ ಮೋಟಾರ್ ಹೋಗತೈತಿ ಅನ್ನೂದು ಅವರ ಮನಸಿನ್ಯಾಗ ಇರತೈತಿ. "ಯಜಮಾನ್ರ, ನಿನ್ನಿ ಟ್ರ್ಯಾಕ್ಟರ್ ಹೋಗಿತ್ತೇನ್ರಿ, ಟ್ರೇಲರ್ ಹಚ್ಚಿತ್ತೋ ಇಲ್ಲೋ" ಅಂತ ಕೇಳ್ರಿ. ತುಂಬಿದ ಟ್ರೇಲರ್ ನಿನ್ನಿ ಹೋಗಿದ್ರ ನೀವೂ ಹೋಗತೀರಿ. ಹುಣ್ಣಿವಿ ದಿನಾನ ಹೊರಡೋಣ ಅಂತ ಯಾರೋ ಬರದಾರ, ಅದು ಬ್ಯಾಡ. ಅವತ್ತ ಮಂದಿ ಮಕ್ಕಳು ಮರಿ ಕಟಗೊಂಡು ಚರಗ ಚೆಲ್ಲಾಕ ಹೊಲಕ್ಕ ಬಂದಿರತಾರ, ಎಲ್ಲಾ ದಾರ್ಯಾಗೂ ಚಕ್ಕಡಿ ನಿಂತಿರತಾವ.

ಗುಡ್ಡ ಬಿಟ್ಟು ಹೊಸಾ ಗೆರಿ ಎಳದು ಶುಕ್ರವಾರ ಸಂಜಿ ಒಳಗ ಕೆಎಂಎಲ್ ಇಲ್ಲೆ ಹಾಕ್ರಿ. ಹಳ್ಳ ಎಲ್ಲೆಲ್ಲಿ ಅದಾವ, ತಿರುಗೋ ಜಾಗಾ ಸಾಕಷ್ಟು ಬಂದಾವೋ ಇಲ್ಲೋ ನೋಡಿ ರಾತ್ರಿನ ಹೇಳ್ತೀನಿ. ಟೈರಿನ ಗಾಳಿ ಕಡಿಮಿ ಮಾಡೂದು ಮಸಾರಿ ಮುಗಿಯೋ ಪಿನ್ನಿನ ಹತ್ರ, ರಾಡಿ ಒಳಗ ಹೊಕ್ಕ ಮ್ಯಾಲ ಅಲ್ಲ. ಗಾಳಿ ತುಂಬೋ ಪಂಪ್ ಯಾರ ಗಾಡ್ಯಾಗ ಬರತೈತಿ ಅಂತ ಅದರ ಜೋಡಿನ ಬರದು ಹಾಕ್ರಿ.