ಹೆಡ್‌ಲೈಟ್ ಹಾಕಿದರೆ ಬಟನ್ ಸರಿ, ಆರಿಸಿದರೆ ತಪ್ಪು!

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನನ್ನ ಹಳೆ ಕಾರಿನಲ್ಲಿ ಸ್ಟೀರಿಯೊ ತೀರಾ ಕೆಳಗೆ, ಗೇರ್ ಲಿವರ್ ಹಿಂದೆ ಇದೆ. ಹಾಡು ಬದಲಿಸಲು ಹೋದರೆ ಕಣ್ಣು ರಸ್ತೆಯಿಂದ ಕೆಳಗಿಳಿಯುತ್ತದೆ. ಅದರ ಮುಂದಿನ ಪ್ಯಾನೆಲ್ ಬಿಚ್ಚಿ ತೆಗೆಯುವಂಥದ್ದು. ಅದನ್ನು ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿ, ಸ್ಟೀರಿಯೊವನ್ನು ಇದ್ದಲ್ಲೇ ಬಿಟ್ಟು, ನಡುವೆ 16 ಪಿನ್‌ಗೂ 60 ಸೆಂ.ಮೀ. ರಿಬ್ಬನ್ ಕೇಬಲ್ ಬೆಸುಗೆ ಹಾಕಿದ್ದೇನೆ. ಡಿಸ್‌ಪ್ಲೇ ಬಂತು. ಆದರೆ ‘ಮುಂದಿನ ಹಾಡು’ ಒತ್ತಿದರೆ ರೇಡಿಯೊಗೆ ಹೋಗುತ್ತದೆ. ಹಂಪ್ ಹತ್ತಿಳಿದರೆ ಪ್ಯಾನೆಲ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ವಿಚಿತ್ರ: ರಾತ್ರಿ ಹೆಡ್‌ಲೈಟ್ ಹಾಕಿದರೆ ಬಟನ್ ಎಲ್ಲಾ ಸರಿಯಾಗಿ ಕೆಲಸ ಮಾಡುತ್ತವೆ. ಇದು ನನ್ನ ಭ್ರಮೆ ಅಂತಾನೆ ಗೆಳೆಯ. ಕೇಬಲ್ ಉದ್ದ ಜಾಸ್ತಿ ಆಯಿತಾ?

ಉತ್ತರ: ಭ್ರಮೆ ಅಲ್ಲವೇ ಅಲ್ಲ. ಆ ಹೆಡ್‌ಲೈಟ್ ವಿಷಯ ನೀವು ಬರೆಯದೇ ಇದ್ದಿದ್ದರೆ ನಾನೂ ಕತ್ತಲಲ್ಲಿ ತಡಕಾಡಬೇಕಿತ್ತು. ಹೀಗೆ ಗಮನಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್.

ಮೊದಲು ಬಟನ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಅನೇಕ ಪ್ಯಾನೆಲ್‌ಗಳಲ್ಲಿ ಹತ್ತು ಬಟನ್‌ಗೆ ಹತ್ತು ವೈರ್ ಇರುವುದಿಲ್ಲ. ಎಲ್ಲದಕ್ಕೂ ಸೇರಿ ಒಂದೇ ವೈರ್. ಪ್ರತಿ ಬಟನ್ ಹಿಂದೆ ಕರೆಂಟಿಗೆ ಬೇರೆ ಬೇರೆ ಪ್ರಮಾಣದಲ್ಲಿ ತಡೆ ಒಡ್ಡುವ ರೆಸಿಸ್ಟರ್ ಕೂತಿರುತ್ತದೆ. ಬಟನ್ ಒತ್ತಿದಾಗ ಆ ವೈರ್‌ನಲ್ಲಿ ಒಂದು ವೋಲ್ಟೇಜ್ ಬರುತ್ತದೆ. ಅದು ಎಷ್ಟು ಅಂತ ಅಳೆದೇ ಸ್ಟೀರಿಯೊ ಯಾವ ಬಟನ್ ಎಂದು ತಿಳಿಯುವುದು. 5 ವೋಲ್ಟನ್ನು ಹತ್ತು ಬಟನ್‌ಗಳಿಗೆ ಹಂಚಿದರೆ ಒಂದೊಂದರ ನಡುವೆ ಅರ್ಧ ವೋಲ್ಟ್ ಅಂತರ ಉಳಿಯುತ್ತದೆ. ಲೆಕ್ಕ ಅಷ್ಟರಲ್ಲೇ ಸ್ವಲ್ಪ ಜಾರಿದರೆ ನೀವು ಒತ್ತಿದ್ದು ಒಂದು, ಸ್ಟೀರಿಯೊ ಓದಿದ್ದು ಪಕ್ಕದ್ದು. ಕೆಲವು ಪ್ಯಾನೆಲ್‌ಗಳಲ್ಲಿ ಒಳಗೇ ಒಂದು ಐಸಿ (ಚಿಪ್) ಇದ್ದು, ಅದು ಬಟನ್ ಓದಿ ಡೇಟಾ ಮಾಡಿ ಕಳಿಸುತ್ತದೆ. ಅಂಥದ್ದು ಹೀಗೆ ಪಕ್ಕಕ್ಕೆ ಜಾರುವುದಿಲ್ಲ. ನಿಮ್ಮದು ಮೊದಲನೇ ಜಾತಿಯದ್ದು ಅಂತಲೇ ನನ್ನ ಅಂದಾಜು.

ಈಗ ಹೆಡ್‌ಲೈಟ್‌ಗೆ ಬನ್ನಿ. ಹೆಡ್‌ಲೈಟ್ ಹಾಕಿದ ಕೂಡಲೇ ಡಿಸ್‌ಪ್ಲೇ ಮಂಕಾಗುತ್ತದೆ ಅಲ್ವಾ? ಕಣ್ಣಿಗೆ ಹೊಡೆಯದಿರಲಿ ಅಂತ ಸ್ಟೀರಿಯೊನೇ ತಗ್ಗಿಸುತ್ತದೆ. ಮಂಕಾದರೆ ಪ್ಯಾನೆಲ್ ಎಳೆಯುವ ಕರೆಂಟ್ ಕಡಿಮೆ. ಹಗಲಲ್ಲಿ ಪೂರ್ತಿ ಬೆಳಕು, ಕರೆಂಟ್ ಜಾಸ್ತಿ. ಆ ಕರೆಂಟ್ ವಾಪಸ್ ಹೋಗುವುದು ಗ್ರೌಂಡ್ ವೈರ್ ಮೂಲಕ. ಬಟನ್‌ಗಳ ಲೆಕ್ಕಕ್ಕೆ ಆಧಾರವೂ ಅದೇ ಗ್ರೌಂಡ್. ಆ ದಾರಿಯಲ್ಲಿ ಎಲ್ಲೋ ತಡೆ ಇದ್ದರೆ ಹಗಲಲ್ಲಿ ಗ್ರೌಂಡೇ ಸ್ವಲ್ಪ ಮೇಲೇಳುತ್ತದೆ, ಜೊತೆಗೆ ಬಟನ್ ವೋಲ್ಟೇಜೂ ಏಳುತ್ತದೆ. ರಾತ್ರಿ ಎರಡೂ ತಮ್ಮ ಜಾಗಕ್ಕೆ ಇಳಿಯುತ್ತವೆ.

ಹಾಗಾದರೆ ಕೇಬಲ್ ಉದ್ದವೇ ತಪ್ಪಾ? ಲೆಕ್ಕ ಹಾಕಿ ನೋಡಿ. ರಿಬ್ಬನ್ ಕೇಬಲ್‌ನಲ್ಲಿ ಸಾಮಾನ್ಯವಾಗಿ ಇರುವುದು 28 ಗೇಜ್ ವೈರ್ (ಗೇಜ್ ಸಂಖ್ಯೆ ದೊಡ್ಡದಾದಷ್ಟೂ ವೈರ್ ತೆಳು). ಅದರ ತಡೆ ಮೀಟರಿಗೆ ಸುಮಾರು 0.21 ಓಮ್. 60 ಸೆಂ.ಮೀ.ಗೆ 0.13 ಓಮ್. ಪ್ಯಾನೆಲ್ 0.3 ಆಂಪಿಯರ್ ಎಳೆಯುತ್ತದೆ ಅಂದುಕೊಂಡರೂ ಕಳೆದುಹೋಗುವುದು 0.04 ವೋಲ್ಟ್ ಮಾತ್ರ. ಅಷ್ಟಕ್ಕೆ ಬಟನ್ ಜಾರುವುದಿಲ್ಲ. ಜಾರಬೇಕಾದರೆ ಹೆಚ್ಚುಕಡಿಮೆ ಒಂದು ಓಮ್‌ನಷ್ಟು ತಡೆ ಬೇಕು. ಅಷ್ಟು ತಡೆ ವೈರ್‌ನಲ್ಲಿಲ್ಲ, ಬೆಸುಗೆಯಲ್ಲಿದೆ. ನಿಮ್ಮ ಗ್ರೌಂಡ್ ಪಿನ್‌ನ ಬೆಸುಗೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗಿದೆ, ಇಲ್ಲವೇ ಅಲ್ಲಿ ಎರಡು ಮೂರು ಎಳೆ ಮಾತ್ರ ಹಿಡಿದುಕೊಂಡಿದೆ. ಹಂಪ್‌ನಲ್ಲಿ ಪ್ಯಾನೆಲ್ ಆರುವುದೂ ಅದೇ ಜಾಗದಿಂದ ಇರಬಹುದು.

ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಹಗಲಲ್ಲಿ, ಡಿಸ್‌ಪ್ಲೇ ಪೂರ್ತಿ ಉರಿಯುತ್ತಿರುವಾಗ, ಮಲ್ಟಿಮೀಟರ್ ಅನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಮೊನೆ ಸ್ಟೀರಿಯೊದ ಲೋಹದ ಪೆಟ್ಟಿಗೆಗೆ, ಇನ್ನೊಂದು ಪ್ಯಾನೆಲ್ ಬದಿಯ ಗ್ರೌಂಡ್ ಪಿನ್‌ಗೆ. ಮೊನೆ ಪಕ್ಕದ ಪಿನ್‌ಗೆ ತಾಗದಂತೆ ಎಚ್ಚರ. 0.05 ವೋಲ್ಟ್ ಒಳಗೆ ಇದ್ದರೆ ಗ್ರೌಂಡ್ ಚೆನ್ನಾಗಿದೆ, ನನ್ನ ಅಂದಾಜು ತಪ್ಪು. 0.3, 0.4 ತೋರಿಸಿದರೆ ಕಳ್ಳ ಸಿಕ್ಕ. ಆ ಬೆಸುಗೆಯನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿ.

ಹಾಕುವ ಮುಂಚೆ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ. ಕೆಲವು ಸ್ಟೀರಿಯೊಗಳು ಪವರ್ ಹೋಗಿ ಬಂದರೆ ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಹೀಟ್ ಶ್ರಿಂಕ್ ಟ್ಯೂಬನ್ನು (ಬಿಸಿ ಮಾಡಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಕೊಳವೆ) ವೈರ್‌ಗೆ ಮೊದಲೇ ತೂರಿಸಿ ದೂರ ಸರಿಸಿಡಿ. ಬೆಸುಗೆ ಆದ ಮೇಲೆ ಅದು ತೂರುವುದಿಲ್ಲ.

ಬೆಸುಗೆ ಹಾಕುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಜನ ಅವಸರ ಮಾಡುವುದು ಇಲ್ಲೇ. ವೈರ್ ತುದಿಯನ್ನು 3 ಮಿ.ಮೀ. ಮಾತ್ರ ಸುಲಿಯಿರಿ. ಎಳೆಗಳನ್ನು ಬೆರಳಲ್ಲಿ ಹೊಸೆದು, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಸವರುವ ಪೇಸ್ಟ್) ಸವರಿ, ಸೋಲ್ಡರ್ ಕುಡಿಸಿ. ತಾಮ್ರದ ಕೆಂಪು ಹೋಗಿ ಬೆಳ್ಳಗಾಗಬೇಕು. ಪಿನ್‌ಗೂ ಹಾಗೇ ಮಾಡಿ. ಆಮೇಲೆ ಎರಡನ್ನೂ ಒಟ್ಟಿಗೆ ಇಟ್ಟು ಐರನ್ ತಾಗಿಸಿ. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿಗೆಲ್ಲ ಪೂರ್ತಿ ಕರಗುತ್ತದೆ, ಆದರೆ ಐರನ್ 330, 350 ಡಿಗ್ರಿ ಇರಲಿ. ಬಿಸಿ ಮೊನೆ, ಎರಡು ಸೆಕೆಂಡ್, ಮುಗೀತು. ಐರನ್ ತಣ್ಣಗಿದ್ದರೆ ಹತ್ತು ಸೆಕೆಂಡ್ ಒತ್ತಿ ಹಿಡಿಯುತ್ತೀರಿ. ಅಷ್ಟರಲ್ಲಿ ಕನೆಕ್ಟರ್‌ನ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ವಾಲುತ್ತದೆ. ಹಾಗಾಗದಿರಲು ನಾನು ಹಾಳಾದ ಪ್ಯಾನೆಲ್‌ನಿಂದ ಕಿತ್ತ ಜೋಡಿ ಕನೆಕ್ಟರನ್ನು ಸಿಕ್ಕಿಸಿಟ್ಟೇ ಬೆಸುಗೆ ಹಾಕುತ್ತೇನೆ. ಪಿನ್‌ಗಳು ನೆಟ್ಟಗೆ ನಿಲ್ಲುತ್ತವೆ. ಐರನ್ ತೆಗೆದ ಮೇಲೆ ಉಸಿರು ಬಿಗಿಹಿಡಿದು ಮೂರು ಎಣಿಸಿ, ಕೈ ಅಲುಗಿಸಬೇಡಿ. ಆರುವಾಗ ಅಲುಗಿದ ಬೆಸುಗೆಯೇ ಡ್ರೈ ಸೋಲ್ಡರ್. ಅದು ಬೂದಿ ಬಣ್ಣಕ್ಕೆ ತಿರುಗಿ ಒರಟಾಗಿ ಕಾಣುತ್ತದೆ. ಒಳ್ಳೆಯ ಬೆಸುಗೆ ಹೊಳೆಯುತ್ತದೆ, ವೈರ್‌ನಿಂದ ಪಿನ್‌ಗೆ ಇಳಿಜಾರಾಗಿ ಹರಿದಿರುತ್ತದೆ. ಗುಂಡಗೆ ಮಣಿಯ ಹಾಗೆ ಕೂತಿದ್ದರೆ ಅದು ಹಿಡಿದಿಲ್ಲ.

ನಿಮ್ಮ ಪತ್ರದ ಹಂಪ್ ಮಾತಿಗೆ ಇನ್ನೊಂದು ಕಾರಣವೂ ಇರಬಹುದು. ಸೋಲ್ಡರ್ ಕುಡಿದ ಎಳೆಗಳು ಕಡ್ಡಿಯಂತೆ ಗಟ್ಟಿಯಾಗುತ್ತವೆ. ಆ ಗಟ್ಟಿ ಭಾಗ ಮುಗಿದು ಮೆತ್ತಗಿನ ವೈರ್ ಶುರುವಾಗುವ ಕಡೆಯೇ ಅದು ಮುರಿಯುವುದು. ಕಾರು ಅಲುಗಿದಾಗೆಲ್ಲ ಅಲ್ಲೇ ಬಾಗುತ್ತದೆ. ಕಾರು ತಯಾರಿಸುವವರು ವೈರಿಂಗ್‌ನಲ್ಲಿ ಬೆಸುಗೆಗಿಂತ ಕ್ರಿಂಪ್ (ಲೋಹದ ತುದಿಯನ್ನು ವೈರ್ ಮೇಲೆ ಒತ್ತಿ ಬಿಗಿಯುವುದು) ಜಾಸ್ತಿ ಬಳಸುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಬೆಸುಗೆಗೆ ಭಾರ ಬೀಳಲೇಬಾರದು. ಕನೆಕ್ಟರ್‌ನಿಂದ 2 ಸೆಂ.ಮೀ. ದೂರದಲ್ಲಿ ಕೇಬಲನ್ನು ಟೈ ಹಾಕಿ ಯಾವುದಾದರೂ ಗಟ್ಟಿ ಭಾಗಕ್ಕೆ ಬಿಗಿಯಿರಿ. ಎರಡೂ ತುದಿಯಲ್ಲಿ ಹೀಗೆ ಮಾಡಿ. ನಡುವೆ ಸ್ವಲ್ಪ ಸಡಿಲ ಬಿಡಿ.

ಎಲ್ಲಾ ಮುಗಿದ ಮೇಲೂ ತಕ್ಷಣ ಪವರ್ ಕೊಡಬೇಡಿ. ಪ್ಯಾನೆಲನ್ನೂ ಸ್ಟೀರಿಯೊವನ್ನೂ ಬಿಚ್ಚಿಟ್ಟು, ಬರೀ ಕೇಬಲನ್ನು ಮೀಟರ್‌ನ ಕಂಟಿನ್ಯುಟಿಯಲ್ಲಿ (ಸಂಪರ್ಕ ಇದ್ದರೆ ಬೀಪ್ ಅನ್ನುವ ಸೆಟ್ಟಿಂಗ್) ನೋಡಿ. 1ನೇ ಪಿನ್‌ನಿಂದ 1ಕ್ಕೆ, 2ರಿಂದ 2ಕ್ಕೆ ಬೀಪ್ ಬರಬೇಕು. ಪಕ್ಕದ ಪಿನ್‌ಗೆ ಬರಬಾರದು. ಇಲ್ಲಿ ನನಗೆ ಆದದ್ದು ಹೇಳಲೇಬೇಕು. ನಾನು ಮೊದಲ ಸಲ ಇಂಥ ಕೇಬಲ್ ಮಾಡಿದಾಗ ಒಂದು ಕನೆಕ್ಟರನ್ನು ಮುಂದಿನಿಂದ ಎಣಿಸಿದ್ದೆ, ಇನ್ನೊಂದನ್ನು ಹಿಂದಿನಿಂದ. ಕನ್ನಡಿಯಲ್ಲಿ ನೋಡಿದ ಹಾಗೆ 1 ಹೋಗಿ 16ಕ್ಕೆ ಸೇರಿತ್ತು. ಬೆಸುಗೆ ಒಂದೊಂದೂ ಚೆನ್ನಾಗಿತ್ತು. ಸ್ವಿಚ್ ಹಾಕಿದೆ, ಸಣ್ಣ ವಾಸನೆ ಬಂತು. ಪ್ಯಾನೆಲ್ ಮತ್ತೆ ಉರಿಯಲೇ ಇಲ್ಲ. ಅದು ನನ್ನದಲ್ಲ, ನನ್ನನ್ನು ನಂಬಿ ಕೊಟ್ಟವರದ್ದು. ಹುಡುಕಿ ಬೇರೆ ತಂದುಕೊಟ್ಟೆ, ಆದರೂ ಆ ದಿನದ ಸಂಕಟ ಮರೆತಿಲ್ಲ. ಅಂದಿನಿಂದ ಕೇಬಲ್ ಕತ್ತರಿಸುವ ಮುಂಚೆಯೇ ಎರಡೂ ಕನೆಕ್ಟರ್‌ನ 1ನೇ ಪಿನ್ ಪಕ್ಕ ಕೆಂಪು ನೈಲ್ ಪಾಲಿಶ್‌ನ ಚುಕ್ಕೆ ಇಡುತ್ತೇನೆ. ರಿಬ್ಬನ್ ಕೇಬಲ್‌ನ ಒಂದು ಅಂಚಿನ ವೈರ್‌ಗೆ ಬೇರೆ ಬಣ್ಣ ಇರುತ್ತದಲ್ಲ, ಅದು ಚುಕ್ಕೆಯಿಂದ ಚುಕ್ಕೆಗೆ ಹೋಗಬೇಕು.

ಒಂದು ಮಾತು ಉಳಿಯಿತು. ಪ್ಯಾನೆಲ್ ಕೂರಿಸಿದ ಜಾಗ ಏರ್‌ಬ್ಯಾಗ್ ಮುಚ್ಚಳದ ಮೇಲಲ್ಲ ತಾನೆ? ಅಲ್ಲಿದ್ದರೆ ಇವತ್ತೇ ತೆಗೆಯಿರಿ. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಆ ಪ್ಯಾನೆಲ್ ನೇರ ಮುಖಕ್ಕೆ ಬರುತ್ತದೆ. ಕೇಬಲ್ ಎಳೆಯುವಾಗ ಒಳಗೆ ಹಳದಿ ಕನೆಕ್ಟರ್ ಅಥವಾ ಹಳದಿ ಕವಚದ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ನದ್ದು. ಅದರ ತಂಟೆಗೆ ಹೋಗಬೇಡಿ, ಮೀಟರ್ ಸಹ ತಾಗಿಸಬೇಡಿ.

ಪ್ರಶ್ನೆ: ಬೆಸುಗೆ ಬರುವುದಿಲ್ಲ. ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ಸಾಲದೇ?

ಉತ್ತರ: ಸಾಲದು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟುತ್ತದೆ. ಟೇಪಿನ ಗೋಂದು ಕರಗಿ ಸುತ್ತು ಬಿಚ್ಚಿಕೊಳ್ಳುತ್ತದೆ. ತಿರುಚಿದ ತಾಮ್ರ ಕಪ್ಪಾಗಿ ಸಡಿಲವಾಗುತ್ತದೆ. ಹಳೆ ವೈರ್ ತುಂಡುಗಳ ಮೇಲೆ ಒಂದು ಸಂಜೆ ಅಭ್ಯಾಸ ಮಾಡಿ, ಬೆಸುಗೆ ಖಂಡಿತ ಬರುತ್ತದೆ.

ಪ್ರಶ್ನೆ: ನನ್ನ ಪ್ಯಾನೆಲ್‌ನಲ್ಲೇ ಯುಎಸ್‌ಬಿ ಇದೆ. ಕೇಬಲ್ ಉದ್ದ ಮಾಡಿದ ಮೇಲೆ ಪೆನ್‌ಡ್ರೈವ್ ಒಮ್ಮೆ ಓದುತ್ತದೆ, ಒಮ್ಮೆ ಇಲ್ಲ. ಮೊಬೈಲ್ ಚಾರ್ಜ್ ತುಂಬಾ ನಿಧಾನ.

ಉತ್ತರ: ಇಲ್ಲಿ ಮಾತ್ರ ವೈರ್‌ನದ್ದೇ ತಪ್ಪು. ಚಾರ್ಜ್ ಆಗುವಾಗ 1 ಆಂಪಿಯರ್ ಹೋದರೆ, 28 ಗೇಜ್ ವೈರ್ 60 ಸೆಂ.ಮೀ. ಹೋಗಿ ಬರುವಷ್ಟರಲ್ಲಿ ಕಾಲು ವೋಲ್ಟ್ ತಿನ್ನುತ್ತದೆ. ಯುಎಸ್‌ಬಿಯ 5 ವೋಲ್ಟ್‌ಗೂ ಗ್ರೌಂಡ್‌ಗೂ 22 ಗೇಜ್ ದಪ್ಪದ ವೈರ್ ಬೇರೆಯೇ ಹಾಕಿ. ಡೇಟಾದ ಎರಡು ವೈರ್‌ಗಳನ್ನು ರಿಬ್ಬನ್‌ನಿಂದ ಬಿಡಿಸಿ ಒಂದಕ್ಕೊಂದು ಹೊಸೆಯಿರಿ. ಇನ್ನೂ ಒಳ್ಳೆಯದೆಂದರೆ ಹಳೆ ಯುಎಸ್‌ಬಿ ಕೇಬಲ್‌ನ ತುಂಡನ್ನೇ ಬಳಸಿ, ಅದರೊಳಗೆ ಆ ಜೋಡಿ ಹೊಸೆದೇ ಬಂದಿರುತ್ತದೆ. ಬೆಸುಗೆ ಹಾಕುವ ತುದಿಯಲ್ಲಿ ಹೊಸೆತ ಬಿಚ್ಚುವುದು 1 ಸೆಂ.ಮೀ. ಮೀರದಿರಲಿ.