ಯಾವ ಸ್ಮಾರ್ಟ್ ಬೋರ್ಡ್ ತಗೊಳ್ಳಲಿ ಅಂದ್ರೆ, ಯಾವುದೂ ಬೇಡ ಅಂತೀನಿ

ನಿಮ್ಮ ಕಾರ್ಖಾನೆ ಮೊದಲ ಸಲ ಸಿಎಸ್‌ಆರ್ ಲೆಕ್ಕಕ್ಕೆ ಬಂದಿದೆ, ಅಂದರೆ ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನೋ ಕಾನೂನಿನೊಳಗೆ. ಕೈಯಲ್ಲಿ 14 ಲಕ್ಷ ಇದೆ. ಮಾರ್ಚ್ ಮುಗಿಯುವುದರೊಳಗೆ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಗೆ ಸ್ಮಾರ್ಟ್ ಕ್ಲಾಸ್ ಮಾಡಿಕೊಡಬೇಕು, ಯಾವ ಕಂಪನಿಯ ಬೋರ್ಡ್ ಒಳ್ಳೆಯದು ಅಂತ ಕೇಳಿದ್ದೀರಿ. ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ. 2018ರ ಮಾರ್ಚಿನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಬೆಳಗಾವಿಯಲ್ಲಿ ಅಂಗಡಿ ಅಂಗಡಿ ತಿರುಗಿದ್ದೆ.

ಆಗ ನಾನು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಪಂಪ್, ವಾಲ್ವ್‌ಗಳ ಬೀಡಿನ (ಎರಕದ ಕಬ್ಬಿಣದ) ಎರಕ ನಮ್ಮ ಕೆಲಸ. ಸಿಎಸ್‌ಆರ್ ಕಾನೂನಿಗೆ ಮೂರು ಕೊಕ್ಕೆ, ಯಾವುದಾದರೂ ಒಂದಕ್ಕೆ ಸಿಕ್ಕರೂ ಸಾಕು. 500 ಕೋಟಿ ನೆಟ್‌ವರ್ತ್, 1000 ಕೋಟಿ ವಹಿವಾಟು ನಮ್ಮ ಕನಸಿನಲ್ಲೂ ಇರಲಿಲ್ಲ. ನಮ್ಮನ್ನು ಹಿಡಿದಿದ್ದು ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಮೂರನೇ ಕೊಕ್ಕೆ, 5 ಕೋಟಿ ನಿವ್ವಳ ಲಾಭ. ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ತೆಗೆದಾಗ 11 ಲಕ್ಷ ಚಿಲ್ಲರೆ ಬಂತು. ಮಾಲೀಕರು ಕರೆದು, "ಲೆಕ್ಕ ನೀವೇ ಹಾಕೀರಿ, ಖರ್ಚೂ ನೀವೇ ಮಾಡ್ರಿ" ಅಂದರು. ಅಷ್ಟೇ ನನ್ನ ನೇಮಕಾತಿ.

ಮಚ್ಛೆ ಕಡೆ ಒಂದು ಹಳ್ಳಿ, ಏಳನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ. ನಮ್ಮ ಹತ್ತು ಹನ್ನೆರಡು ಕೆಲಸಗಾರರ ಮಕ್ಕಳು ಅಲ್ಲೇ ಓದುತ್ತಿದ್ದರು. ಮಾರ್ಚ್ 12ಕ್ಕೆ ಹೆಡ್ ಮಾಸ್ತರಿಗೆ ಫೋನ್ ಮಾಡಿ ಏನು ಬೇಕ್ರಿ ಅಂತ ಕೇಳಿದೆ. ಪುಕ್ಕಟೆ ಕೊಡುತ್ತೇನೆ ಅಂತ ಯಾರೋ ಫೋನ್ ಮಾಡಿದರೆ ಮಾಸ್ತರು ಏನು ಹೇಳಬೇಕು? "ಏನ್ ಕೊಟ್ರೂ ಚಲೋನ ಆತ್ರಿ ಸರ್, ಸ್ಮಾರ್ಟ್ ಕ್ಲಾಸ್ ಆದ್ರ ಭಾಳ ಚಲೋ" ಅಂದರು. ನಾಲ್ಕು ನಿಮಿಷದ ಮಾತು. 28ಕ್ಕೆ ಎರಡು ಬೋರ್ಡ್, ಒಂದು ಯುಪಿಎಸ್, ಮೂರು ವರ್ಷದ ಪಾಠದ ಸಾಫ್ಟ್‌ವೇರ್ ಹೋಗಿ ಕೂತವು. ರಿಬ್ಬನ್ ಕತ್ತರಿಸಿದ್ದಾಯಿತು, ಫೋಟೋ ತೆಗೆಸಿದ್ದಾಯಿತು. ಮಾಲೀಕರು ಭಾಷಣದಲ್ಲಿ ವಿದ್ಯಾದಾನಿ ಸಿರಸಂಗಿ ಲಿಂಗರಾಜರ ಹೆಸರು ತೆಗೆದರು. ಆಮೇಲೆ ಪರೀಕ್ಷೆ, ಬೇಸಿಗೆ ರಜೆ. ನಾನು ಆ ಕಡೆ ಮತ್ತೆ ಹೋಗಿದ್ದು ಜೂನ್‌ನಲ್ಲಿ.

ಆರನೇ ಕ್ಲಾಸಿನಲ್ಲಿ ವಿಜ್ಞಾನದ ಪಾಠ ನಡೆದಿತ್ತು. ಬೋರ್ಡಿನ ಮೇಲೆ ಹಸಿರು ಎಲೆ, ಸೂರ್ಯ, ಬಾಣದ ಗುರುತು. ವಿಡಿಯೋದ ಹೆಣ್ಣುದನಿ "ದ್ಯುತಿಸಂಶ್ಲೇಷಣೆ" ಅಂತು. ಟೀಚರ್ ವಿಡಿಯೋ ನಿಲ್ಲಿಸಿದರು. ಮಕ್ಕಳ ಕಡೆ ತಿರುಗಿ "ಪ್ರಕಾಶಸಂಶ್ಲೇಷಣ" ಅಂದು ಮರಾಠಿಯಲ್ಲಿ ವಿವರಿಸಿದರು. ಮತ್ತೆ ಒಂದು ವಾಕ್ಯ ಓಡಿಸಿದರು, ಮತ್ತೆ ನಿಲ್ಲಿಸಿದರು. ನಾಲ್ಕು ನಿಮಿಷದ ವಿಡಿಯೋಗೆ ಇಡೀ ಪೀರಿಯಡ್ ಹೋಯಿತು. ಅದು ಮರಾಠಿ ಮೀಡಿಯಂ ಶಾಲೆ. ನಾನು ತಂದುಕೊಟ್ಟಿದ್ದು ಕನ್ನಡದ ಪಾಠ.

ಇದು ಹೇಗಾಯಿತು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಬೆಳಗಾವಿ ತಾಲೂಕಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಇದು ಇಲ್ಲಿನ ಕೂಸಿಗೂ ಗೊತ್ತು. ನಾನು ಹುಟ್ಟಿ ಬೆಳೆದಿದ್ದೂ ಇಲ್ಲೇ. ನಮ್ಮ ಮೋಲ್ಡಿಂಗ್ ಹುಡುಗರು ಊಟದ ಹೊತ್ತಿಗೆ ಮರಾಠಿಯಲ್ಲೇ ಹರಟುತ್ತಾರೆ, ದಿನಾ ಕೇಳುತ್ತೇನೆ. ಆದರೆ ಹೆಡ್ ಮಾಸ್ತರು ಫೋನಿನಲ್ಲಿ ನನ್ನ ಜೊತೆ ಕನ್ನಡ ಮಾತಾಡಿದರು. ಮಾತಾಡದೆ ಇನ್ನೇನು? ನಾನು ಶುರು ಮಾಡಿದ್ದು ಕನ್ನಡದಲ್ಲಿ. ಅಂಗಡಿಯವನು "ಸ್ಟೇಟ್ ಸಿಲಬಸ್ ತಾನೇ?" ಅಂದ, ಹೂಂ ಅಂದೆ. ಅದೂ ಸುಳ್ಳಲ್ಲ, ಸಿಲಬಸ್ ಕರ್ನಾಟಕದ್ದೇ, ಪುಸ್ತಕ ಮಾತ್ರ ಮರಾಠಿಯಲ್ಲಿ. ಉದ್ಘಾಟನೆಯ ದಿನವಾದರೂ ಗೋಡೆಯ ಮೇಲಿನ ಸುವಿಚಾರ ಓದಿದ್ದರೆ ತಿಳಿಯುತ್ತಿತ್ತು. ನಾನು ಅವತ್ತು ಶಾಲು, ಹಾರ, ಪೇಡೆ ಎಣಿಸುತ್ತಿದ್ದೆ. ಮಾಸ್ತರಾದರೂ ಹೇಳಬಹುದಿತ್ತಲ್ಲ ಅಂತ ಆಮೇಲೆ ಕೇಳಿದೆ. "ಕೊಡಾಕ ಬಂದವರಿಗೆ ಕೊಂಕು ಹ್ಯಾಂಗ್ ತಗಿಯೂದ್ರಿ?" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಮರಾಠಿ ಪಾಠ ಹಾಕಿಸೋಣ ಅಂತ ವಿಚಾರಿಸಿದೆ. ಸಿಕ್ಕಿದ್ದು ಮಹಾರಾಷ್ಟ್ರದ ಸಿಲಬಸ್ಸು, ಪಾಠದ ಸಾಲೇ ಬೇರೆ. ಲೈಸೆನ್ಸ್ ದುಡ್ಡು ವಾಪಸ್ ಬರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ನಾನು ಅಷ್ಟು ಅವಸರ ಮಾಡಬೇಕಾಗೇ ಇರಲಿಲ್ಲ. ಆಗಿನ ಕಾನೂನಿನಲ್ಲಿ ಹಣ ಉಳಿದರೆ ಯಾಕೆ ಉಳಿಯಿತು ಅಂತ ನಿರ್ದೇಶಕರ ವರದಿಯಲ್ಲಿ ಬರೆದರೆ ಮುಗಿಯುತ್ತಿತ್ತು. ಅಕೌಂಟ್ಸ್‌ನವನಾಗಿ ಅದನ್ನೂ ಪೂರ್ತಿ ಓದಿರಲಿಲ್ಲ. 2021ರ ಜನವರಿಯಿಂದ ಅದು ಬಿಗಿಯಾಗಿದೆ. ಆದರೂ ನಿಮಗೆ ದಾರಿ ಇದೆ. ವರ್ಷದಿಂದ ವರ್ಷಕ್ಕೆ ನಡೆಯುವ ಯೋಜನೆ ಅಂತ ಮಾರ್ಚ್ 31ರೊಳಗೆ ನಿರ್ದೇಶಕರ ಮೀಟಿಂಗ್‌ನಲ್ಲಿ ಮಂಜೂರು ಮಾಡಿಸಿ, ಒಂದಿಷ್ಟಾದರೂ ಕೆಲಸ ಶುರು ಮಾಡಿ. ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಬ್ಯಾಂಕಿನಲ್ಲಿ ಅದಕ್ಕೇ ಅಂತ ತೆರೆದ ಖಾತೆಗೆ ಹಾಕಿದರೆ, ಮುಂದಿನ ಮೂರು ಹಣಕಾಸು ವರ್ಷದಲ್ಲಿ ಖರ್ಚು ಮಾಡಬಹುದು. 50 ಲಕ್ಷದೊಳಗೆ ಇದ್ದರೆ ಸಿಎಸ್‌ಆರ್ ಸಮಿತಿಯ ಗೊಡವೆ ಇಲ್ಲ, ನಿರ್ದೇಶಕರೇ ತೀರ್ಮಾನ ಮಾಡಬಹುದು. ಆದರೆ ಆ ಖಾತೆಯಲ್ಲಿ ಹಣ ಇದ್ದರೆ ಮಾತ್ರ ಸಮಿತಿ ಮಾಡಲೇಬೇಕು. ಅಂದಮೇಲೆ ಮಾರ್ಚ್ ಮಾರ್ಚ್ ಅಂತ ಯಾಕೆ ಒದ್ದಾಡುತ್ತೀರಿ?

ಮರುವರ್ಷ ನಾನು ಏನೂ ಕೊಳ್ಳದೆ ಆ ಶಾಲೆಯಲ್ಲಿ ಮೂರು ದಿನ ಸುಮ್ನೆ ಕೂತೆ. ಆರು ಮತ್ತು ಏಳನೇ ಕ್ಲಾಸು ಒಂದೇ ಕೋಣೆಯಲ್ಲಿ. ಗಣಿತಕ್ಕೆ ಟೀಚರ್ ಇಲ್ಲ, ಜಾಗ ಖಾಲಿ. ಏಳನೇ ಕ್ಲಾಸಿನ ಹುಡುಗ ಭಾಗಾಕಾರಕ್ಕೆ ನೆಲದ ಮೇಲೆ ಗೆರೆ ಎಳೆದು ಎಣಿಸುತ್ತಿದ್ದ. ಅವನ ತಲೆಯ ಮೇಲೆ ಗೋಡೆಗೆ ನಮ್ಮ ಬೋರ್ಡು, ಧೂಳು ಕೂರದಂತೆ ಹಳೆಯ ಸೀರೆ ಹೊದಿಸಿದ್ದರು.

ಅದೇ ಊರಿನ ಒಬ್ಬ ಹುಡುಗಿ ಬಿಎಸ್‌ಸಿ, ಬಿಎಡ್ ಮಾಡಿ ಮನೆಯಲ್ಲಿದ್ದಳು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರನ್ನು ಕೂರಿಸಿಕೊಂಡು ಮಾತಾಡಿ, ಒಂದು ಟ್ರಸ್ಟ್ ಮೂಲಕ ತಿಂಗಳಿಗೆ 9,000ದಂತೆ ಅವಳನ್ನು ಗಣಿತಕ್ಕೆ ಹಾಕಿದೆವು. ವರ್ಷಕ್ಕೆ ಹತ್ತು ತಿಂಗಳು, 90,000. ಒಂದು ಬೋರ್ಡಿನ ಬೆಲೆಗಿಂತ ಕಡಿಮೆ! (ನೀವು ಟ್ರಸ್ಟ್ ಹಿಡಿದರೆ ಅವರ ಹತ್ತಿರ ಸಿಎಸ್‌ಆರ್-1 ನೋಂದಣಿ ನಂಬರ್ ಇದೆಯಾ ನೋಡಿ. 2021ರ ಏಪ್ರಿಲ್‌ನಿಂದ ಅದಿಲ್ಲದೆ ನಡೆಯಲ್ಲ.)

ನಮ್ಮ ಪ್ಯಾಟರ್ನ್ ಶಾಪ್‌ನ ರಿಟೈರ್ಡ್ ಮೇಸ್ತ್ರಿಯೊಬ್ಬರು ಯಾರೂ ಹೇಳದೆ ಶನಿವಾರ ಆ ಶಾಲೆಗೆ ಹೋಗೋಕೆ ಶುರು ಮಾಡಿದರು. ಚೀಲದಲ್ಲಿ ಒಂದು ಮರದ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ), ಅದರಿಂದ ಎರಕ ಹೊಯ್ದ ವಾಲ್ವ್, ಅಳೆಯೋಕೆ ಒಂದು ವರ್ನಿಯರ್. ಮಕ್ಕಳ ಕೈಯಲ್ಲೇ ಎರಡನ್ನೂ ಅಳೆಸುತ್ತಿದ್ದರು. ಮರದ್ದು 202 ಮಿಲಿಮೀಟರ್, ಕಬ್ಬಿಣದ್ದು 200. "ಎಲ್ಲಿ ಹೋತು ಎರಡು?" ಅಂತ ಕೇಳೋರು. ಬೀಡು ತಣ್ಣಗಾಗುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ, ಅದಕ್ಕೇ ಪ್ಯಾಟರ್ನ್ ಅಷ್ಟು ದೊಡ್ಡದು ಮಾಡಬೇಕು. ಶೇಕಡಾ ಲೆಕ್ಕ ಆ ಮಕ್ಕಳಿಗೆ ಅಲ್ಲಿಂದ ಹತ್ತಿತು. ಅದೂ ಮರಾಠಿಯಲ್ಲೇ. ಈ ಖರ್ಚು ನಮ್ಮ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇನ್ನೆರಡು ಮಾತು ಇದ್ದವು. ಕೆಲಸಗಾರರ ಮಕ್ಕಳಿಗಷ್ಟೇ ಸ್ಕಾಲರ್‌ಶಿಪ್ ಕೊಡಬಹುದಾ ಅಂದಿರಿ. ಕೊಡಿ, ಒಳ್ಳೆಯದೇ, ಆದರೆ ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ಊರಿನ ಎಲ್ಲ ಮಕ್ಕಳಿಗೂ ತೆರೆದಿರಬೇಕು. ಕಾರ್ಖಾನೆಯ ಕರಿ ಮರಳು ರಸ್ತೆ ಬದಿಗೆ ಬೀಳುತ್ತಿದೆ ಅಂತ ಊರವರ ದೂರಿದೆ, ಅದನ್ನು ಎತ್ತಿಸುವ ಖರ್ಚನ್ನೂ ಇದರಲ್ಲೇ ತೋರಿಸೋಣವಾ ಅಂದಿರಿ. ದಯವಿಟ್ಟು ಬೇಡ. ಅದು ನೀವು ಕಾನೂನಿನಂತೆ ಹೇಗೂ ಮಾಡಲೇಬೇಕಾದ ಕೆಲಸ. ನನ್ನ ಕೇಳಿದರೆ ಮೊದಲು ಆ ಮರಳು ಎತ್ತಿಸಿ, ಆಮೇಲೆ ಶಾಲೆಯ ಬಾಗಿಲು ತಟ್ಟಿ. ಮಕ್ಕಳು ಆ ಮರಳನ್ನು ದಾಟಿಕೊಂಡೇ ಶಾಲೆಗೆ ಬರುತ್ತಾರೆ ಅಲ್ವಾ?

ಅಂದ ಹಾಗೆ, ನಮ್ಮ ಮಾಲೀಕರು ಹೆಸರು ತೆಗೆದ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಹುಡುಗರ ಓದಿಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡವರು. ಅದರ ಹುಟ್ಟುವಳಿಯಿಂದ ವರ್ಷ ವರ್ಷ ವಿದ್ಯಾರ್ಥಿವೇತನ ಹೋಗುತ್ತಿತ್ತು. ಭಾಷಣದ ದಿನ ನಾನು ಚಪ್ಪಾಳೆ ಹೊಡೆದೆ, ತಲೆಗೆ ಹೋಗಲಿಲ್ಲ.

ನೀವು ಯಾವ ಊರಿನ ಶಾಲೆ ಅಂತ ಬರೆದಿಲ್ಲ. ಯಾವುದಾದರೂ ಇರಲಿ, ಫೋನ್ ಮಾಡಬೇಡಿ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಬೈಕ್ ಹತ್ತಿ ಹೋಗಿ ಗೇಟಿನ ಹತ್ತಿರ ನಿಂತುಕೊಳ್ಳಿ. ಕೊಡುವ ಮಾತು ಅವತ್ತು ಎತ್ತಲೇಬೇಡಿ.