ಟೆರಿಕಾಟ್ ಏಪ್ರನ್ ಸಾಕೇ, ಮಳೆಗಾಲಕ್ಕೆ ಚಪ್ಪಲಿ ನಡೆಯುತ್ತದೆಯೇ?

ಕಾಲೇಜು ಶುರುವಾಗಿ ಮಳೆ ಹಿಡಿದಾಗ ಒಮ್ಮೆ, ಮಾರ್ಚ್‌ನಲ್ಲಿ ಸೆಕೆ ಏರಿದಾಗ ಇನ್ನೊಮ್ಮೆ, ಲ್ಯಾಬ್ ಸುರಕ್ಷತೆಯ ಬಗ್ಗೆ ಅವೇ ಪ್ರಶ್ನೆಗಳು ಬರುತ್ತವೆ. ಸುರತ್ಕಲ್ಲಿನಿಂದ ಬರಲಿ, ಮಣಿಪಾಲದಿಂದ ಬರಲಿ, ಕೇಳುವುದು ಒಂದನ್ನೇ: ನಿಯಮವನ್ನು ಸ್ವಲ್ಪ ಸಡಿಲಿಸಬಹುದೇ? ಕಣ್ಣಿಗೆ ಗಾಗಲ್ಸ್ ಹಾಕಿ, ಲ್ಯಾಬ್‌ನೊಳಗೆ ತಿನ್ನಬೇಡಿ, ಆ್ಯಸಿಡ್‌ಗೆ ನೀರು ಸುರಿಯಬೇಡಿ ಎಂಬುದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಪದವಿಗೆ ಬಂದವರಿಗೆ ಅದು ಗೊತ್ತಿರಲೇಬೇಕು.

ಪ್ರಶ್ನೆ: ಏಪ್ರಿಲ್ ತಿಂಗಳಲ್ಲಿ ದಪ್ಪ ಹತ್ತಿಯ ಏಪ್ರನ್ ಹಾಕಿ ಮೂರು ಗಂಟೆ ನಿಲ್ಲಲಾಗುವುದಿಲ್ಲ. ಬರ್ನರ್ ಇರುವುದರಿಂದ ಫ್ಯಾನ್ ಹಾಕಲೂ ಬಿಡುವುದಿಲ್ಲ. ರೆಡಿಮೇಡ್ ಸಿಗುವ ತೆಳು ಟೆರಿಕಾಟ್ ಏಪ್ರನ್, ಅರ್ಧ ತೋಳಿನದ್ದು, ಸಾಕಲ್ಲವೇ? (ಎಂ.ಎಸ್ಸಿ. ರಸಾಯನಶಾಸ್ತ್ರ ವಿದ್ಯಾರ್ಥಿನಿ, ಮಂಗಳೂರು)

ಸಾಲದು. ಅರ್ಧ ತೋಳಿನದ್ದಂತೂ ಏಪ್ರನ್ನೇ ಅಲ್ಲ. ಚೆಲ್ಲುವುದು, ಸಿಡಿಯುವುದು ಮೊದಲು ಬೀಳುವುದೇ ಮುಂಗೈಯಿಂದ ಮೊಣಕೈವರೆಗಿನ ಭಾಗಕ್ಕೆ. ಅದನ್ನೇ ಬಿಟ್ಟು ಉಳಿದದ್ದನ್ನು ಮುಚ್ಚಿ ಏನು ಪ್ರಯೋಜನ?

ಟೆರಿಕಾಟ್ ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ಅಂಗಡಿಯ ಬಿಳಿ ಏಪ್ರನ್‌ಗಳಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರ್ ಪಾಲೇ ಹೆಚ್ಚು. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಬುನ್ಸೆನ್ ಜ್ವಾಲೆ ಸಾವಿರ ಡಿಗ್ರಿಗೂ ಮೇಲೆ. ಕರಗಿದ ಪಾಲಿಯೆಸ್ಟರ್ ಚರ್ಮಕ್ಕೆ ಅಂಟಿಕೊಂಡು, ಬೆಂಕಿ ಆರಿದ ಮೇಲೂ ಸುಡುತ್ತಲೇ ಇರುತ್ತದೆ. ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗುವುದಿಲ್ಲ. ಕರಕಲಾಗಿ ಉದುರುತ್ತದೆ, ಕಳಚಿ ಎಸೆಯಲು ಕೆಲವು ಸೆಕೆಂಡು ಸಿಗುತ್ತದೆ. ಆ ಸೆಕೆಂಡುಗಳಿಗಾಗಿಯೇ ಹತ್ತಿ ಬೇಕು.

‘ಅರ್ಧ ಹತ್ತಿ ಇದೆಯಲ್ಲ, ಅಷ್ಟರಮಟ್ಟಿಗೆ ಸುರಕ್ಷಿತ’ ಎಂದು ಹೇಳುವ ಅಧ್ಯಾಪಕರೂ ಇದ್ದಾರೆ. ಅದು ತಪ್ಪು. ದೀಪದಲ್ಲಿ ಬತ್ತಿ ಎಣ್ಣೆಯನ್ನು ಹೀರಿ ಹಿಡಿದುಕೊಳ್ಳುವುದರಿಂದಲೇ ಅದು ನಿಂತು ಉರಿಯುತ್ತದೆ. ಟೆರಿಕಾಟ್‌ನಲ್ಲಿ ಹತ್ತಿಯ ನೂಲು ಬತ್ತಿ, ಕರಗಿದ ಪಾಲಿಯೆಸ್ಟರ್ ಎಣ್ಣೆ. ಬರೀ ಪಾಲಿಯೆಸ್ಟರ್ ಆಗಿದ್ದರೆ ಕರಗಿ ತೊಟ್ಟಿಕ್ಕಿ ಜ್ವಾಲೆಯಿಂದ ದೂರ ಸರಿಯಬಹುದಿತ್ತು. ಇಲ್ಲಿ ಸುಟ್ಟ ಹತ್ತಿಯ ಚೌಕಟ್ಟು ಅದನ್ನು ಹಿಡಿದಿಟ್ಟು ಉರಿಸುತ್ತದೆ. ಹಾಗಾಗಿ ಮಿಶ್ರಣದ ಬಟ್ಟೆ ಎರಡಕ್ಕಿಂತಲೂ ಜೋರಾಗಿ ಉರಿಯಬಲ್ಲದು.

2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಸಂಶೋಧನಾ ಸಹಾಯಕಿ ಶೆರಿ ಸಾಂಗ್ಜಿ ಟರ್ಷರಿ ಬ್ಯೂಟೈಲ್ ಲಿಥಿಯಂ ಅನ್ನು ಸಿರಿಂಜ್‌ನಲ್ಲಿ ಎಳೆಯುತ್ತಿದ್ದರು. ಪ್ಲಂಜರ್ ಹೊರಗೆ ಬಂತು, ದ್ರವ ಗಾಳಿ ತಾಗಿದ ಕೂಡಲೇ ಹೊತ್ತಿಕೊಂಡಿತು. ಅವರು ಏಪ್ರನ್ ಹಾಕಿರಲಿಲ್ಲ, ಮೈಮೇಲಿದ್ದದ್ದು ಸಿಂಥೆಟಿಕ್ ಸ್ವೆಟರ್. 18 ದಿನಗಳ ಬಳಿಕ ಅವರು ತೀರಿಕೊಂಡರು. ಅಂಥ ರಾಸಾಯನಿಕಕ್ಕೆ ಹತ್ತಿಯ ಏಪ್ರನ್ ಕೂಡ ಸಾಲದು, ನೊಮೆಕ್ಸ್‌ನಂಥ ಬೆಂಕಿ ತಡೆಯುವ ಬಟ್ಟೆಯದ್ದೇ ಬೇಕು. ಅದಿಲ್ಲದ ಲ್ಯಾಬ್‌ನಲ್ಲಿ ಆ ಬಾಟಲಿಯನ್ನು ತೆರೆಯಬಾರದು. ಗೈಡ್ ಹೇಳಿದರೂ ತೆರೆಯಬಾರದು.

ಇನ್ನು ಸೆಕೆಯ ವಿಚಾರ. ತೆಳ್ಳಗಿದ್ದರೆ ತಂಪು ಎಂಬುದು ಭ್ರಮೆ. ಹತ್ತಿ ಗಾಳಿಯಿಂದಲೇ ತನ್ನ ತೂಕದ ಶೇ 8ರಷ್ಟು ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಅಂದರೆ ಬೆವರನ್ನು ಹೀರುವುದು ಹತ್ತಿಯೇ. ಟೆರಿಕಾಟ್ ಒಳಗೆ ಬೆವರು ಮೈಮೇಲೇ ನಿಲ್ಲುತ್ತದೆ. ತಡೆಯಲಾಗದಿದ್ದರೆ ಏಪ್ರನ್ ಬಿಚ್ಚಬೇಡಿ, ಪ್ರಯೋಗದ ಹೊತ್ತನ್ನು ಬದಲಿಸಿ. ರಿಫ್ಲಕ್ಸ್, ಡಿಸ್ಟಿಲೇಶನ್‌ನಂಥ ಕಾಯಿಸುವ ಕೆಲಸ ಬೆಳಿಗ್ಗೆ ಮುಗಿಯಲಿ, ಟೈಟ್ರೇಶನ್ ಮತ್ತು ಲೆಕ್ಕ ಮಧ್ಯಾಹ್ನಕ್ಕೆ ಇರಲಿ. ಗಂಟೆಗೊಮ್ಮೆ ಹೊರಗೆ ಹೋಗಿ, ಕೈ ತೊಳೆದು, ನೀರು ಕುಡಿದು ಬನ್ನಿ.

ಹೊಲಿಸುವುದೇ ಉತ್ತಮ. ಜವಳಿ ಅಂಗಡಿಯಲ್ಲಿ ಬಿಳಿ ಹತ್ತಿಯ ಡ್ರಿಲ್ ಬಟ್ಟೆ ಕೇಳಿ, ಚದರ ಮೀಟರಿಗೆ 200ರಿಂದ 240 ಗ್ರಾಂ ತೂಗುವಂಥದ್ದು. ದೊಡ್ಡ ಪನ್ನದ್ದಾದರೆ ಮಧ್ಯಮ ಎತ್ತರದವರಿಗೆ ಎರಡೂವರೆ ಮೀಟರ್ ಸಾಕು. ‘ಪ್ಯೂರ್ ಕಾಟನ್’ ಎಂಬ ಅಂಗಡಿಯವರ ಮಾತನ್ನು ನಂಬಿ ಮನೆಗೆ ಬರಬೇಡಿ. ಅಂಚಿನಿಂದ ಉದ್ದ, ಅಡ್ಡ ಎರಡೂ ದಿಕ್ಕಿನ ನೂಲನ್ನು ಎಳೆದು, ಇಕ್ಕಳದಲ್ಲಿ ಹಿಡಿದು, ಟೈಲ್ಸ್ ಮೇಲೆ ಬೆಂಕಿ ತಾಗಿಸಿ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮುಟ್ಟಿದರೆ ಪುಡಿಯಾಗುವ ಬೂದು ಬಣ್ಣದ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಇದ್ದರೆ ನೂಲು ಜ್ವಾಲೆಯಿಂದ ಹಿಂದೆ ಸುರುಟಿಕೊಂಡು, ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟುತ್ತದೆ. ಮಣಿ ಕಂಡರೆ ಆ ಬಟ್ಟೆ ಬೇಡ.

ಟೈಲರಿಗೆ ಕೊಡುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಗಿಡ್ಡವಾಗುತ್ತದೆ. ಉದ್ದ ಮೊಣಕಾಲಿನವರೆಗೆ ಬರಲಿ. ತೋಳು ಮಣಿಕಟ್ಟಿನವರೆಗೆ, ಕಫ್ ಬಿಗಿಯಾಗಿ. ಗ್ಲೌಸ್‌ನ ಅಂಚು ಕಫ್‌ನ ಮೇಲೆ ಕೂರಬೇಕು. ಪ್ಯಾಂಟ್ ಜೇಬಿಗೆ ಕೈಹಾಕಲು ಬದಿಯಲ್ಲಿ ಬಿಡುವ ಸೀಳು ಬೇಡ ಎಂದು ಒತ್ತಿ ಹೇಳಿ. ಮುಂದೆ ಕುತ್ತಿಗೆಯಿಂದ ಕೆಳಗಿನವರೆಗೆ ಟಿಚ್ ಬಟನ್ ಹಾಕಿಸಿ. ಕಾಜಾ ಬಟನ್ ಒಂದೊಂದಾಗಿ ಬಿಚ್ಚಬೇಕು, ಟಿಚ್ ಬಟನ್ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ. ಮೈಮೇಲೆ ಆ್ಯಸಿಡ್ ಬಿದ್ದವರಿಗೆ ಈ ಒಂದು ವ್ಯತ್ಯಾಸವೇ ದೊಡ್ಡದು.

ಎರಡು ಏಪ್ರನ್ ಹೊಲಿಸಿ. ನಮ್ಮ ಆಷಾಢದಲ್ಲಿ ದಪ್ಪ ಹತ್ತಿ ಎರಡು ದಿನವಾದರೂ ಒಣಗುವುದಿಲ್ಲ, ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಸಿ ಏಪ್ರನ್ ಹಾಕಿಕೊಂಡು ಬರುವವರಿದ್ದಾರೆ. ಬಿಸಿ ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದರೆ ಕೈ ಸುಡುವುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಒದ್ದೆ ತೋಳೂ ಶಾಖವನ್ನು ಹಾಗೆಯೇ ಒಳಗೆ ದಾಟಿಸುತ್ತದೆ. ಸೋಡಿಯಂ ಲೋಹದಂಥ, ನೀರು ತಾಗಿದರೆ ಹೊತ್ತಿಕೊಳ್ಳುವ ವಸ್ತುಗಳ ಹತ್ತಿರ ಅದು ಇನ್ನೂ ಅಪಾಯ.

ಹತ್ತಿಗೂ ದೌರ್ಬಲ್ಯವಿದೆ: ಆ್ಯಸಿಡ್. ಸಾರರಿಕ್ತ ಸಲ್ಫ್ಯೂರಿಕ್ ಆ್ಯಸಿಡ್‌ನ ಹನಿ ಬಿದ್ದರೂ, ಒಣಗುತ್ತಾ ನೀರು ಹೋಗಿ ಆ್ಯಸಿಡ್ ಉಳಿದು ಪ್ರಬಲವಾಗುತ್ತದೆ. ಇಸ್ತ್ರಿ ಹಾಕುವಾಗ ಅಲ್ಲಿ ತೂತು ಬೀಳುತ್ತದೆ. ತೂತಾದ ಏಪ್ರನ್ ತನ್ನ ಕೆಲಸ ಮಾಡಿದೆ, ಬದಲಿಸಿ. 2.5 ಲೀಟರ್ ಬಾಟಲಿಯಿಂದ ಆ್ಯಸಿಡ್ ಸುರಿಯುವಾಗ ಹತ್ತಿಯ ಮೇಲೆ ಪಿವಿಸಿ ಅಥವಾ ರಬ್ಬರ್ ಏಪ್ರನ್ ಕಟ್ಟಿಕೊಳ್ಳಿ.

ಒಳಗಿನ ಉಡುಪನ್ನೂ ನೋಡಿ. ನೈಲಾನ್ ಲೆಗ್ಗಿಂಗ್ಸ್, ಜಾರುವ ವೇಲ್, ಕ್ರೀಡಾ ಜೆರ್ಸಿ ಇವೆಲ್ಲ ಮೇಲೆ ಹೇಳಿದ ಕರಗುವ ಜಾತಿಯವೇ. ತಲೆವಸ್ತ್ರ ಧರಿಸುವವರು ಹತ್ತಿಯದ್ದನ್ನು ಆರಿಸಿ ಎರಡೂ ತುದಿಯನ್ನು ಏಪ್ರನ್ ಒಳಗೆ ಸೇರಿಸಬೇಕು. ಜಡೆಯನ್ನು ಮೇಲಕ್ಕೆ ಕಟ್ಟಿ. ಭುಜಕ್ಕೆ ಇಳಿಬಿಟ್ಟ ಮಲ್ಲಿಗೆ ಲ್ಯಾಬ್‌ನ ಹೊರಗೆ ಇರಲಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ಲ್ಯಾಬ್‌ನ ತುರ್ತು ಶವರ್ ಎರಡು ಹೆಜ್ಜೆಯಲ್ಲಿದ್ದರೆ ಅದರಡಿ ಹೋಗಿ, ಇಲ್ಲದಿದ್ದರೆ ನೆಲಕ್ಕೆ ಬಿದ್ದು ಉರುಳಿ. ನಿಂತವರಿಗೆ ಫೈರ್ ಬ್ಲ್ಯಾಂಕೆಟ್ ಸುತ್ತಿದರೆ ಒಳಗಿನ ಜ್ವಾಲೆ ಚಿಮಣಿಯಲ್ಲಿ ಏರಿದಂತೆ ಮುಖಕ್ಕೆ ಏರುತ್ತದೆ. ಮೊದಲು ಮಲಗಿಸಿ, ಆಮೇಲೆ ಹೊದಿಸಿ. ರಾಸಾಯನಿಕ ಬಿದ್ದರೆ ನೀರಿನಡಿಯಲ್ಲಿ ನಿಂತೇ ಬಟ್ಟೆ ಕಳಚಬೇಕು. ಟಿ-ಶರ್ಟನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಯಲ್ಲಿ ಕತ್ತರಿಸಿ, ಇಲ್ಲದಿದ್ದರೆ ಮೈಮೇಲಿನದ್ದು ಕಣ್ಣಿಗೂ ಹೋಗುತ್ತದೆ. ನಾಚಿಕೆಯಿಂದ ತಡಮಾಡಿದ ಪ್ರತಿ ನಿಮಿಷಕ್ಕೂ ಗಾಯ ಆಳವಾಗುತ್ತದೆ. ಶವರ್ ಪಕ್ಕ ಒಂದು ಪರದೆ, ಒಂದು ಕತ್ತರಿ, ಎರಡು ಜೊತೆ ಸಡಿಲ ಬಟ್ಟೆ ಇಡುವುದು ವಿಭಾಗದ ಕರ್ತವ್ಯ.

ಪ್ರಶ್ನೆ: ಮಳೆಗೆ ಶೂ ನೆನೆದು ನಾರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಚಪ್ಪಲಿಗೆ ಅನುಮತಿ ಕೊಡಬಾರದೇ?

ಕೊಡಬಾರದು. ತೂತುಗಳಿರುವ ಕ್ರಾಕ್ಸ್‌ಗೂ ಕೊಡಬಾರದು. ಕೈಯಿಂದ ಜಾರಿದ ಬಾಟಲಿ ಒಡೆಯುವುದು ಪಾದದ ಪಕ್ಕದಲ್ಲೇ, ಮಳೆಗಾಲದಲ್ಲಿ ನೆಲ ಜಾರುವುದರಿಂದ ಅದು ಹೆಚ್ಚು. ದಾರಿಯಲ್ಲಿ ಚಪ್ಪಲಿಯಲ್ಲೇ ಬನ್ನಿ, ಯಾರೂ ಬೇಡ ಎನ್ನುವುದಿಲ್ಲ. ಲ್ಯಾಬ್ ಬಾಗಿಲಿನ ಹೊರಗಿನ ಕಪಾಟಿನಲ್ಲಿ ಒಂದು ಜೊತೆ ಚರ್ಮದ ಅಥವಾ ರೆಕ್ಸಿನ್‌ನ ಮುಚ್ಚಿದ ಶೂ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ ಸಾಕ್ಸ್ ಇರಲಿ. ಬಲೆಯಂಥ ಮೇಲ್ಭಾಗದ ಸ್ಪೋರ್ಟ್ಸ್ ಶೂ ದ್ರವವನ್ನು ಹೀರಿ ಪಾದಕ್ಕೆ ಒತ್ತಿ ಹಿಡಿಯುತ್ತದೆ, ಅದೂ ಬೇಡ. ಗಂಬೂಟ್ ಹಾಕುವವರು ಪ್ಯಾಂಟನ್ನು ಅದರೊಳಗೆ ಸೇರಿಸಬೇಡಿ, ಕಾಲಿನ ಮೇಲೆ ಹರಿದದ್ದು ಬೂಟಿನೊಳಗೆ ತುಂಬುತ್ತದೆ. ಕೊಡೆ, ರೈನ್‌ಕೋಟ್ ಹೊರಗೇ ಇರಬೇಕು.

ಪ್ರಶ್ನೆ: ಕೊರೊನಾ ಕಾಲದ ಎನ್95 ಮಾಸ್ಕ್ ಉಳಿದಿದೆ. ಆ್ಯಸಿಡ್ ಹೊಗೆಗೆ, ಅಸಿಟೋನಿಗೆ ಸಾಕೇ?

ಇಲ್ಲ. ಅದು ಕಣಗಳನ್ನು ತಡೆಯುತ್ತದೆ, ಅನಿಲ ಮತ್ತು ಆವಿ ಅದರೊಳಗೆ ನೇರ ದಾಟುತ್ತವೆ. ಫ್ಯೂಮ್ ಹುಡ್‌ನಲ್ಲಿ, ಅಂದರೆ ಆವಿಯನ್ನು ಹೊರಗೆ ಎಳೆಯುವ ಗಾಜಿನ ಬಾಗಿಲಿನ ಗೂಡಿನಲ್ಲಿ, ಕೆಲಸ ಮಾಡಿ. ಕರೆಂಟ್ ಹೋದರೆ ಹೀಟರ್ ಸ್ವಿಚ್ ಆಫ್ ಮಾಡಿ, ಗಾಜನ್ನು ಕೆಳಗಿಳಿಸಿ, ಹೊರಗೆ ಬನ್ನಿ.

ಪ್ರಶ್ನೆ: ಲ್ಯಾಬ್ ಮುಗಿದ ಮೇಲೆ ಬೆಲ್ಲ ತಿಂದರೆ, ಹಾಲು ಕುಡಿದರೆ ವಿಷ ಹೋಗುತ್ತದೆಯೇ?

ಹೋಗುವುದಿಲ್ಲ. ಶ್ವಾಸಕೋಶಕ್ಕೆ ಹೋದದ್ದನ್ನು ಹೊಟ್ಟೆಗೆ ಹೋದದ್ದು ತೊಳೆಯಲಾರದು.

ಪ್ರಶ್ನೆ: ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಹರಿಯದಿದ್ದರೆ ಒಂದೇ ಜೊತೆಯನ್ನು ಎರಡು ಮೂರು ದಿನ ಬಳಸಬಹುದೇ?

ತೂತು ಇಲ್ಲದಿದ್ದರೂ ಗ್ಲೌಸ್ ಒಳಗೆ ರಾಸಾಯನಿಕ ನುಸುಳುತ್ತದೆ, ಬಣ್ಣ ಬದಲಾಗದೆಯೇ ನುಸುಳುತ್ತದೆ. ಬಿಸಾಡುವ ಜಾತಿಯ ನೈಟ್ರೈಲ್ ಗ್ಲೌಸ್‌ನ ದಪ್ಪ 0.1 ಮಿಲಿಮೀಟರ್ ಆಸುಪಾಸು. ಡೈಕ್ಲೋರೋಮೀಥೇನ್, ಅಸಿಟೋನ್‌ನಂಥ ದ್ರಾವಕಗಳು ಅದನ್ನು ಒಂದೆರಡು ನಿಮಿಷದಲ್ಲೇ ದಾಟಬಲ್ಲವು. ಹೆಕ್ಸೇನ್, ಟಾಲೀನ್‌ಗೆ ಲೇಟೆಕ್ಸ್ (ಸಹಜ ರಬ್ಬರ್) ಗ್ಲೌಸ್ ಪ್ರಯೋಜನವಿಲ್ಲ. ಅಸಿಟೋನ್‌ನಲ್ಲಿ ಹೆಚ್ಚು ಹೊತ್ತು ಕೆಲಸವಿದ್ದರೆ ಬ್ಯುಟೈಲ್ ರಬ್ಬರ್ ಬೇಕು. 1996ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನವಿಜ್ಞಾನಿ ಕರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿತ್ತು. 1997ರ ಜೂನ್‌ನಲ್ಲಿ ಅವರು ಪಾದರಸದ ವಿಷದಿಂದ ತೀರಿಕೊಂಡರು. ಗ್ಲೌಸ್ ಹರಿದಿರಲಿಲ್ಲ.

ದ್ರಾವಕ ಬಿದ್ದ ಕೂಡಲೇ ಕಳಚಿ, ಕೈ ತೊಳೆದು ಹೊಸದು ಹಾಕಿ. ಅದೇ ಗ್ಲೌಸ್‌ನಲ್ಲಿ ಮೊಬೈಲ್, ಬಾಗಿಲಿನ ಹಿಡಿ ಮುಟ್ಟಬೇಡಿ. ಬೆವರಿದ ಕೈಗೆ ಏರುವುದಿಲ್ಲವೆಂದು ಒಂದು ಅಳತೆ ದೊಡ್ಡದು ಹಾಕಿದರೆ ಬೆರಳ ತುದಿ ಮಡಚಿ ಫ್ಲಾಸ್ಕ್ ಜಾರುತ್ತದೆ. ಕೈ ಒರೆಸಿ, ಸರಿಯಾದ ಅಳತೆಯದ್ದನ್ನೇ ಹಾಕಿ.

ಪ್ರಶ್ನೆ: ಕೆಡದಂತೆ ಫಾರ್ಮಾಲಿನ್‌ನಲ್ಲಿಟ್ಟ ಮಾದರಿಯನ್ನು ಲ್ಯಾಮಿನಾರ್ ಫ್ಲೋದಲ್ಲಿ (ಸೋಸಿದ ಗಾಳಿ ಬೀಸುವ ಪೆಟ್ಟಿಗೆಯಲ್ಲಿ) ತೆರೆದರೆ ಸಾಕಲ್ಲವೇ?

ಅಡ್ಡ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ನಿಮ್ಮ ಮಾದರಿಯನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ಆವಿಯನ್ನು ನೇರ ನಿಮ್ಮ ಮುಖಕ್ಕೇ ತಳ್ಳುತ್ತದೆ. ರೋಗಾಣುಗಳನ್ನೂ ಅದರಲ್ಲಿ ತೆರೆಯಬೇಡಿ.

ಪ್ರಶ್ನೆ: ಸುಟ್ಟ ಗಾಯಕ್ಕೆ ತೆಂಗಿನೆಣ್ಣೆ, ಆ್ಯಸಿಡ್ ಬಿದ್ದರೆ ಅಡುಗೆ ಸೋಡಾ ಇಟ್ಟುಕೊಂಡರೆ ಸಾಲದೇ? ನಮ್ಮಲ್ಲಿ ಶವರ್ ಇದೆ, ಆದರೆ ಬಳಸಿದ್ದಿಲ್ಲ. (ಲ್ಯಾಬ್ ಸಹಾಯಕರು, ಉಡುಪಿ)

ಎಣ್ಣೆ, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಇವನ್ನು ಹಚ್ಚಿ ಕಳಿಸುವವರು ಗಾಯವನ್ನು ಕೆಡಿಸುತ್ತಾರೆ, ಆಮೇಲೆ ವೈದ್ಯರು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ. ಬೆಂಕಿ ಸುಟ್ಟರೆ ಹರಿಯುವ ತಣ್ಣೀರು 20 ನಿಮಿಷ. ಆ್ಯಸಿಡ್ ಬಿದ್ದರೆ ಕೂಡಲೇ ಧಾರಾಳ ನೀರು, ಕನಿಷ್ಠ 15 ನಿಮಿಷ. ಚರ್ಮದ ಮೇಲೆ ಸೋಡಾ ಹಾಕಿ ತಟಸ್ಥಗೊಳಿಸಲು ಹೋದರೆ ನೀರು ಹಾಕುವುದು ತಡವಾಗುತ್ತದೆ. ಸೋಡಾ ನೆಲಕ್ಕೆ ಚೆಲ್ಲಿದ ಆ್ಯಸಿಡ್‌ಗೆ ಇರಲಿ. ಹೈಡ್ರೋಫ್ಲೋರಿಕ್ ಆ್ಯಸಿಡ್ ಮಾತ್ರ ಬೇರೆ: ತೊಳೆದ ಮೇಲೆ ಶೇ 2.5ರ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುತ್ತಾ ಆಸ್ಪತ್ರೆಗೆ ಒಯ್ಯಬೇಕು. ಜೆಲ್ ಕೈಗೆಟುಕುವಲ್ಲಿ ಇಲ್ಲದಿದ್ದರೆ ಆ ಬಾಟಲಿ ತೆರೆಯುವಂತಿಲ್ಲ.

ಬಳಸದ ಶವರ್ ಬಗ್ಗೆ ನನಗೆ ನಿಜಕ್ಕೂ ಆತಂಕ. ಅದು ನಿಮಿಷಕ್ಕೆ ಸುಮಾರು 75 ಲೀಟರ್ ಕೊಡಬೇಕು. 15 ನಿಮಿಷಕ್ಕೆ 1,100 ಲೀಟರ್‌ಗಿಂತ ಹೆಚ್ಚಾಯಿತು. ಬೇಸಗೆಯಲ್ಲಿ ಮಂಗಳೂರಿಗೆ ತುಂಬೆ ಅಣೆಕಟ್ಟಿನ ನೀರಾಗಲಿ, ಉಡುಪಿಗೆ ಬಜೆ ಅಣೆಕಟ್ಟಿನ ನೀರಾಗಲಿ ಸರದಿಯಲ್ಲಿ ಬಿಡುವ ದಿನ ಮಹಡಿಯ ಟ್ಯಾಂಕ್‌ನಲ್ಲಿ ಅಷ್ಟು ಉಳಿದಿರುತ್ತದೆಯೇ? ಟ್ಯಾಂಕ್ ನೋಡಿಯೇ ಆ ದಿನದ ಆ್ಯಸಿಡ್ ಪ್ರಯೋಗಕ್ಕೆ ಒಪ್ಪಿಗೆ ಕೊಡಿ. ಐವಾಶ್ (ಕಣ್ಣು ತೊಳೆಯುವ ನಲ್ಲಿ) ಅನ್ನು ವಾರಕ್ಕೊಮ್ಮೆ, ಪೈಪಿನಲ್ಲಿ ನಿಂತ ತುಕ್ಕುನೀರು ಹೋಗಿ ತಿಳಿಯಾಗುವವರೆಗೆ ಬಿಡಿ. ಶವರ್ ಕೆಳಗೆ ಬಕೆಟ್ ಇಟ್ಟು ಸರಪಳಿ ಎಳೆದು ನೋಡಿ. ದಿನಾಂಕವನ್ನು ಪಕ್ಕದ ಗೋಡೆಯ ಕಾರ್ಡಿನಲ್ಲಿ ಬರೆಯಿರಿ. ದಾರಿಗೆ ಅಡ್ಡವಾಗಿ ಜೋಡಿಸಿದ ಸ್ಟೂಲುಗಳನ್ನು ಇವತ್ತೇ ತೆಗೆಸಿ, ಬೆಂಚಿನಿಂದ ಅಲ್ಲಿಗೆ ಹತ್ತು ಸೆಕೆಂಡಿನಲ್ಲಿ ತಲುಪುವಂತಿರಬೇಕು.